ಮಲೆನಾಡಿನ ಅತಿಥಿಪ್ರಭೇದಗಳು: ಒಂದು ಅಂತರ್‌ಶಿಸ್ತೀಯ ಅಧ್ಯಯನದ ಪೂರ್ವಪೀಠಿಕೆ

1. ಪ್ರಸ್ತಾವನೆ

ಪ್ರಸ್ತುತ ಪ್ರಬಂಧವು ಮೂಡಿಗೆರೆ ತಾಲ್ಲೂಕನ್ನು ಕೇಂದ್ರವಾಗಿರಿಸಿಕೊಂಡು, ಶುಕ್ರವಾರ ರಾತ್ರಿಯಿಂದ ಭಾನುವಾರ ಮಧ್ಯಾಹ್ನದವರೆಗೆ ಇಲ್ಲಿ ಕಾಣಿಸಿಕೊಳ್ಳುವ 'ಅತಿಥಿ' ಎಂಬ ಜೀವಿಯನ್ನೂ, ಆ ಜೀವಿಯ ಆವಾಸವಾದ 'ಹೋಂಸ್ಟೇ' ಎಂಬ ಸಂರಚನೆಯನ್ನೂ, ಇವೆರಡರ ನಡುವಣ ದ್ವಂದ್ವಾತ್ಮಕ ಸಂಬಂಧವನ್ನೂ ವಸಾಹತೋತ್ತರ, ಆಧುನಿಕೋತ್ತರ ಹಾಗೂ ಊಟೋತ್ತರ ನೆಲೆಗಳಿಂದ ಶೋಧಿಸುವ ಒಂದು ವಿನಮ್ರ ಪ್ರಯತ್ನವಾಗಿದೆ.

ಈ ಕ್ಷೇತ್ರದ ಪೂರ್ವಸೂರಿಗಳು ತಮ್ಮ ಪ್ರಬಂಧಗಳನ್ನು ಸಾಮಾನ್ಯವಾಗಿ ಸೆಪ್ಟೆಂಬರ್ 27ರ ವಿಶ್ವ ಪ್ರವಾಸೋದ್ಯಮ ದಿನದಂದು, ಯಾವುದಾದರೂ ರೆಸಾರ್ಟಿನ ಹವಾನಿಯಂತ್ರಿತ ಸಭಾಂಗಣದಲ್ಲಿ, ಶಾಲು ಮತ್ತು ಹಣ್ಣಿನ ಬುಟ್ಟಿಗಳ ಸಮ್ಮುಖದಲ್ಲಿ ಮಂಡಿಸುತ್ತ ಬಂದಿದ್ದಾರೆ. ಅವುಗಳ ವಿದ್ವತ್ತು ಪ್ರಶ್ನಾತೀತ. ಕೊರತೆ ಒಂದೇ, ಅವುಗಳಲ್ಲಿ ಊರು ಇಲ್ಲ. ಊರಿದ್ದ ಜಾಗದಲ್ಲಿ 'ಸ್ಥಳೀಯ ಸಮುದಾಯ' ಇದೆ. ಅದು ಒಳಗೊಳ್ಳಲ್ಪಡುತ್ತದೆ, ಸಬಲೀಕರಣಗೊಳ್ಳುತ್ತದೆ, ಪಾಲುದಾರನಾಗುತ್ತದೆ, ಮಧ್ಯಾಹ್ನ ಒಂದೂವರೆಗೆ ಬಫೆ ಸಾಲಿನ ಹಿಂದೆ ನಿಂತು ಬಡಿಸುತ್ತದೆ.

ಈ ಕೊರತೆಯನ್ನು ತುಂಬುವ ದಿಸೆಯಲ್ಲಿ ಪ್ರಬಂಧಕಾರನು ಮಂಡಿಸುತ್ತಿರುವ ಊಹಾಪ್ರಮೇಯ ಹೀಗಿದೆ: ಯಾವುದೇ ಊರಿನಲ್ಲಿ ಹೋಂಸ್ಟೇಗಳ ಸಂಖ್ಯೆಯು ಮನೆಗಳ ಸಂಖ್ಯೆಯನ್ನು ಸಮೀಪಿಸುತ್ತಿದ್ದಂತೆ ಮನೆಯವರ ಸಂಖ್ಯೆಯು ಸೊನ್ನೆಯನ್ನು ಸಮೀಪಿಸುತ್ತದೆ.

2. ಅಧ್ಯಯನ ವಿಧಾನ

ಇಲ್ಲಿ ಸಹಭಾಗಿ ಅವಲೋಕನ ವಿಧಾನವನ್ನು ಅನುಸರಿಸಲಾಗಿದೆ. ಸಂಶೋಧಕನ ಮಲಗುವ ಕೋಣೆಯ ಕಿಟಕಿಯು ಕಣಿವೆಯಾಚೆಯ ಧ್ವನಿವರ್ಧಕಕ್ಕೆ ನೇರ ಎದುರಾಗಿರುವುದರಿಂದ ಸಹಭಾಗಿತ್ವಕ್ಕೆ ಆತನ ಒಪ್ಪಿಗೆಯನ್ನು ಯಾರೂ ಕೇಳಬೇಕಾಗಿ ಬರಲಿಲ್ಲ. ಸಂದರ್ಶನಗಳನ್ನು ಕಾಫಿ ಕಣದಲ್ಲಿ, ಕೊಟ್ಟಿಗೆಹಾರದ ನೀರುದೋಸೆ ಹೋಟೆಲಿನಲ್ಲಿ ಮತ್ತು ಗ್ರಾಮಸಭೆ ಮುಗಿದ ಮೇಲೆ ಪಂಚಾಯಿತಿ ಜಗಲಿಯಲ್ಲಿ, ಎಂದರೆ ಜನ ನಿಜ ಮಾತಾಡುವ ಜಾಗಗಳಲ್ಲಿ, ನಡೆಸಲಾಯಿತು. 'ಪ್ರವಾಸೋದ್ಯಮ ಕುರಿತು ತಮ್ಮ ಗ್ರಹಿಕೆಯೇನು?' ಎಂಬ ಮೊದಲ ಪ್ರಶ್ನೆಗೆ ಬಂದ ಉತ್ತರಗಳಲ್ಲಿ ಮುದ್ರಣಯೋಗ್ಯವಾದವು ಕಡಿಮೆ.

3. ಪ್ರಭೇದಗಳ ವರ್ಗೀಕರಣ

ಕ್ಷೇತ್ರಕಾರ್ಯದಲ್ಲಿ ಹದಿಮೂರು ಪ್ರಭೇದಗಳು ಪತ್ತೆಯಾಗಿದ್ದು, ಅವನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗುವುದು.

3.1 ಹೋಮೋ ವೀಕೆಂಡಿಯೆನ್ಸಿಸ್. ಅತ್ಯಂತ ವ್ಯಾಪಕ. ಹಿಂಡಿನಲ್ಲಿ ಸಂಚಾರ. ಹರಿಯುವ ನೀರು ಕಂಡೊಡನೆ ಅಂಗಿ ಬಿಚ್ಚುವುದು ಇದರ ಸಹಜಪ್ರವೃತ್ತಿ. ಚಾರ್ಮಾಡಿ ಘಾಟಿಯ ಜಾರುಬಂಡೆಗಳ ಮೇಲೆ ಮಳೆಗಾಲದಲ್ಲಿ ಇದರ ನೃತ್ಯ ನೋಡಸಿಗುತ್ತದೆ. ಪೊಲೀಸರು ಬಂದಾಗ ನೃತ್ಯ ನಿಲ್ಲುತ್ತದೆ, ಹೋದಾಗ ಮುಂದುವರಿಯುತ್ತದೆ. ದೇವರಮನೆ ಗುಡ್ಡದಲ್ಲಿ ಕಾಲಭೈರವನ ಎದುರಿಗೇ ಕಾರಿನ ನಾಲ್ಕೂ ಬಾಗಿಲು ತೆರೆದು ಹಾಡು ಹಾಕುವುದೂ ಇದೇ. ಸಂಗಾತಿಯನ್ನು ಕರೆಯುವ ಕೂಗು ಇದಿರಬಹುದೆಂದು ಸಂಶೋಧಕನು ಮೊದಲು ಭಾವಿಸಿದ್ದನು. ಬಹುಕಾಲದ ಅವಲೋಕನದಲ್ಲಿ ಯಾವ ಸಂಗಾತಿಯೂ ಬಂದದ್ದು ಕಾಣಲಿಲ್ಲ.

3.2 ಹೋಮೋ ಕರ್ವಾಲಿಯೆನ್ಸಿಸ್. ವಿರಳ. ತೇಜಸ್ವಿಯವರ 'ಕರ್ವಾಲೊ' ಓದಿ, ಹಾರುವ ಓತಿಯನ್ನು ಹುಡುಕಿಕೊಂಡು ಮೂಡಿಗೆರೆಗೆ ಬರುತ್ತದೆ. ದಾರಿಯಲ್ಲಿ ಕಂಡ ಮುದುಕರನ್ನೆಲ್ಲ ಕಾದಂಬರಿಯ ಮಂದಣ್ಣನೇ ಇರಬಹುದೇ ಎಂದು ನೋಡುತ್ತದೆ. ಮರದ ಹೆಸರು ಕೇಳುತ್ತದೆ, ಕೇಳಿದ್ದನ್ನು ಬರೆದುಕೊಳ್ಳುತ್ತದೆ. ನಿರುಪದ್ರವಿ. ಸಂಶೋಧನೆಯಲ್ಲಿ ಮಮತೆಗೆ ಸ್ಥಾನವಿಲ್ಲವಾದರೂ ಈ ಪ್ರಭೇದಕ್ಕೆ ಕಾಫಿ ಕೊಟ್ಟು ಕಳಿಸಲಾಯಿತು.

3.3 ಹೋಮೋ ರಿವ್ಯೂವಿಕಸ್. ಊರಿಗೆ ಹಿಂದಿರುಗಿದ ಮೇಲೆ ಕುಟುಕುವ ಜಾತಿ. 'ರಾತ್ರಿಯಿಡೀ ಕಪ್ಪೆಗಳ ಸದ್ದು, ಆಡಳಿತದವರು ಗಮನಿಸಬೇಕು, ಎರಡು ನಕ್ಷತ್ರ.' 'ಜುಲೈನಲ್ಲಿ ಹೋಗಿದ್ದೆವು, ಬರೀ ಮಳೆ.' 'ಆನೆ ತೋರಿಸುತ್ತೇವೆಂದು ಹೇಳಿ ತೋರಿಸಲಿಲ್ಲ.'

ಈ ಕೊನೆಯದರ ಬಳಿ ಸಂಶೋಧಕನು ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಕೂರಬೇಕಾಯಿತು. ಆನೆ ತೋರಿಸಲು ರಾತ್ರಿ ಹತ್ತರ ಮೇಲೆ ಜೀಪಿನಲ್ಲಿ ಲೈಟು ಬಿಟ್ಟುಕೊಂಡು ಹೋಗುವವರಿದ್ದಾರೆ. ಬೆದರಿಸಿ ಬಿಟ್ಟ ಅದೇ ಆನೆ ಬೆಳಿಗ್ಗೆ ತೋಟದಲ್ಲಿ ನಿಂತಿರುತ್ತದೆ, ಮಂಜಿನಲ್ಲಿ ಕೆಲಸಕ್ಕೆ ಹೊರಟ ಹೆಂಗಸರ ದಾರಿಯಲ್ಲಿ. ಅವರು ನಕ್ಷತ್ರ ಕೊಡುವುದಿಲ್ಲ.

ಉಳಿದ ಹತ್ತು ಪ್ರಭೇದಗಳ ಕೋಷ್ಟಕ ಸಿದ್ಧವಿದೆ. ಕೈಬಿಡುತ್ತಿದ್ದೇನೆ. ವಾರವೆಲ್ಲ ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲಿನಲ್ಲಿ ನಿಂತು ಬಂದ ಹುಡುಗನನ್ನು ಗೇಲಿ ಮಾಡಿ ಪುಟ ತುಂಬಿಸುವುದು ಸುಲಭದ ಕೆಲಸ. ಅವನಿಗೆ ಬೇಕಾದ್ದು ಎರಡು ದಿನದ ತಂಪು, ಅದನ್ನು ಯಾರೋ ಮಾರಿದರು, ಅವನು ಕೊಂಡ. ವರ್ಗೀಕರಣ ಬೇಕಾದ್ದು ಮಾರಿದವರಿಗೆ.

4. ಹೋಂಸ್ಟೇಯ ವಿಕಾಸವಾದ

4.1 ಆದಿಯುಗ. 2000ದ ಸುಮಾರಿಗೆ ಕಾಫಿ ಬೆಲೆ ನೆಲಕಚ್ಚಿತ್ತು. ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ, ಬೆಳೆಗಾರನಿಗೆ ಬ್ಯಾಂಕಿನ ನೋಟಿಸು. ಮಕ್ಕಳು ಬೆಂಗಳೂರು ಸೇರಿದ್ದರು; ಉಪ್ಪರಿಗೆಯ ಕೋಣೆ ಖಾಲಿ ಇತ್ತು. ಆ ಕೋಣೆಗೆ ಹೊಸ ಹಾಸಿಗೆ ಹಾಕಿ, ಬಂದವರಿಗೆ ಅಕ್ಕಿರೊಟ್ಟಿ ತಟ್ಟಿ, ಮಳೆಗಾಲವಾದರೆ ಕಳಲೆ ಪಲ್ಯ ಬಡಿಸಿ ಎಷ್ಟೋ ಹೆಂಗಸರು ತೋಟ ಉಳಿಸಿಕೊಂಡರು. ಅತಿಥಿ ಅಡುಗೆಮನೆಯಲ್ಲೇ ಕೂತು ಉಣ್ಣುತ್ತಿದ್ದ. ಒಂಬತ್ತು ಗಂಟೆಗೆ ಮನೆಯ ಯಜಮಾನ ಆಕಳಿಸಿದರೆ ಅವನೂ ಎದ್ದು ಮಲಗಲು ಹೋಗುತ್ತಿದ್ದ. ಶಬ್ದಮಾಲಿನ್ಯ ನಿಯಂತ್ರಣಕ್ಕೆ ಆ ಆಕಳಿಕೆಗಿಂತ ಪರಿಣಾಮಕಾರಿಯಾದ ಕ್ರಮವನ್ನು ಯಾವ ಇಲಾಖೆಯೂ ಈವರೆಗೆ ರೂಪಿಸಿಲ್ಲ.

4.2 ಮಧ್ಯಯುಗ. ಉಪ್ಪರಿಗೆ ಸಾಲದಾಯಿತು, ಕಾಟೇಜು ಎದ್ದವು. ಕಾಟೇಜಿಗೆ ಈಜುಕೊಳ, ಕೊಳಕ್ಕೆ ನೀಲಿ ಟೈಲು. ಕೂಲಿಯವರಿದ್ದ ಲೈನ್ ಮನೆಗಳಿಗೆ ಬಣ್ಣ ಬಳಿದು, ಬಾಗಿಲಿಗೊಂದು ಲಾಟೀನು ತೂಗಿಹಾಕಿ 'ಹೆರಿಟೇಜ್ ರೂಮು' ಎಂದರು. ಲೈನಿನಲ್ಲಿದ್ದವರು ತಗಡಿನ ಶೆಡ್ಡಿಗೆ ಹೋದರು. ಶೆಡ್ಡಿಗೆ ಇನ್ನೂ ಪರಂಪರೆಯ ಮಾನ್ಯತೆ ಸಿಕ್ಕಿಲ್ಲ.

4.3 ಸಮಕಾಲೀನ ಘಟ್ಟ. ಇದನ್ನು 'ಆತಿಥೇಯ-ಅನುಪಸ್ಥಿತಿಯ ತತ್ತ್ವಮೀಮಾಂಸೆ' ಎನ್ನಬಹುದು. ಮಾಲೀಕರು ಮನೆಯನ್ನು ಲೀಸಿಗೆ ಕೊಟ್ಟು ಬೆಂಗಳೂರಿನಲ್ಲಿರುತ್ತಾರೆ. ಲೀಸಿಗೆ ಹಿಡಿದವರೂ ಬೆಂಗಳೂರಿನಲ್ಲಿರುತ್ತಾರೆ. ಅತಿಥಿಗಳೂ ಬೆಂಗಳೂರಿನವರೇ. ಮೂವರೂ ಬೆಂಗಳೂರಿನಲ್ಲೇ ಕೂತು ವ್ಯವಹಾರ ಮುಗಿಸಿಕೊಳ್ಳುತ್ತಾರೆ, ಸದ್ದು ಮತ್ತು ಕಸ ಮಾತ್ರ ಇಲ್ಲಿಗೆ ಬರುತ್ತವೆ. ಸ್ಥಳದಲ್ಲಿರುವುದು ಮ್ಯಾನೇಜರ್ ಎಂಬ ಹತ್ತೊಂಬತ್ತು ವರ್ಷದ ಹುಡುಗ. ಸದ್ದು ಕಡಿಮೆ ಮಾಡಿಸಪ್ಪಾ ಎಂದರೆ, 'ನಾನೇನ್ ಮಾಡ್ಲಿ ಅಣ್ಣ, ಅವರು ತಲೆಗಿಷ್ಟು ಅಂತ ಕೊಟ್ಟಿದ್ದಾರೆ' ಎನ್ನುತ್ತಾನೆ. ಅವನ ಮುಖ ನೋಡಿದರೆ ಅವನಿಗೂ ನಿದ್ದೆಯಿಲ್ಲ.

ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಂಸ್ಟೇ ಯೋಜನೆಯ ಪ್ರಕಾರ ಒಂದರಿಂದ ಆರು ಕೋಣೆ, ಹೆಚ್ಚೆಂದರೆ 12 ಹಾಸಿಗೆ ಇರಬೇಕು, ಮನೆಯವರು ಅಲ್ಲೇ ವಾಸವಿರಬೇಕು. ಅನುಕೂಲ ನೋಡಿ ಚಿನ್ನ ಅಥವಾ ಬೆಳ್ಳಿ ದರ್ಜೆ ಕೊಡುತ್ತಾರೆ. ವಾಸವಿಲ್ಲದ ಮನೆಯವರಿಗೆ ಯಾವ ಲೋಹವೆಂದು ಹೇಳಿಲ್ಲ.

5. ಧಾರಣಾ ಸಾಮರ್ಥ್ಯ ಸಿದ್ಧಾಂತ

ವಿಚಾರ ಸಂಕಿರಣಗಳಲ್ಲಿ ಅತಿ ಹೆಚ್ಚು ಚಪ್ಪಾಳೆ ಗಿಟ್ಟಿಸುವ ಪರಿಕಲ್ಪನೆ ಇದು. ಒಂದು ಜಾಗ ಎಷ್ಟು ಜನರನ್ನು ತಡೆದುಕೊಳ್ಳಬಲ್ಲದು? 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಮಟ್ಟಿಗೆ ಉತ್ತರ ದೊರಕಿದೆ. 2025ರ ಸೆಪ್ಟೆಂಬರಿನಿಂದ ಬೆಳಿಗ್ಗೆ 600, ಮಧ್ಯಾಹ್ನದ ಮೇಲೆ 600, ಒಟ್ಟು ದಿನಕ್ಕೆ 1,200 ವಾಹನ ಎಂದು ಜಿಲ್ಲಾಡಳಿತ ಮಿತಿ ಹಾಕಿತು. ಒಳ್ಳೆಯದೇ. ಗಿರಿಯ ಲೆಕ್ಕ ಆಯಿತು. ಬಾವಿಯ ಲೆಕ್ಕ?

ಹೂಮಳೆ ಬಾರದ ಮಾರ್ಚಿನಲ್ಲಿ ಇಡೀ ಮಲೆನಾಡು ಹಳ್ಳಕ್ಕೆ ಪೈಪು ಇಳಿಸಿ ಕೂತಿರುತ್ತದೆ. ಕಾಫಿ ಹೂವಿಗೆ ಆ ಒಂದು ನೀರು ಬೀಳದಿದ್ದರೆ ವರ್ಷದ ಫಸಲೇ ಹೋದಂತೆ. ಆಗಲೇ ಮಕ್ಕಳ ಪರೀಕ್ಷೆ ಮುಗಿದು ಪ್ರವಾಸದ ಹಂಗಾಮು ಶುರುವಾಗುತ್ತದೆ, ಆಗಲೇ ನೀಲಿ ಕೊಳಗಳು ತುಂಬಬೇಕಾಗುತ್ತದೆ, 'ರೇನ್ ಡಾನ್ಸ್' ನಡೆಯಬೇಕಾಗುತ್ತದೆ. ಆಕಾಶದಿಂದ ಬಾರದ ಮಳೆಯನ್ನು ಬೋರ್‌ವೆಲ್ಲಿನಿಂದ ಎತ್ತಿ ನೆತ್ತಿಯ ಮೇಲೆ ಸುರಿಸಿಕೊಂಡು ಕುಣಿಯುವ ಈ ಆಚರಣೆಯನ್ನು ಜಾನಪದ ವಿದ್ವಾಂಸರು ಮಳೆ ತರಿಸುವ ವಿಧಿಗಳ ಸಾಲಿಗೆ ಸೇರಿಸದಿರಲೆಂದು ಮುಂಚಿತವಾಗಿಯೇ ವಿನಂತಿ. ಹಳ್ಳದ ಕೆಳಗಿನ ಕೇರಿಯಲ್ಲಿ ಆ ಹೊತ್ತು ಕೊಡಗಳು ಸಾಲಿಗೆ ನಿಂತಿರುತ್ತವೆ.

ತೌಲನಿಕ ಅಧ್ಯಯನವಿಲ್ಲದೆ ಪ್ರಬಂಧ ಪೂರ್ಣವಾಗದಾದ್ದರಿಂದ ಬಾರ್ಸಿಲೋನಾ. ಅಲ್ಲಿ ಪ್ರವಾಸಿಗರಿಗೆ ಕೊಡುವ 10,101 ಫ್ಲಾಟುಗಳ ಪರವಾನಗಿಯನ್ನು 2028ರ ನಂತರ ಮುಂದುವರಿಸುವುದಿಲ್ಲವೆಂದು ಮೇಯರ್ ಜೌಮೆ ಕೊಲ್ಬೋನಿ 2024ರಲ್ಲಿ ಘೋಷಿಸಿದರು. ಊರಿನವರಿಗೇ ಬಾಡಿಗೆ ಮನೆ ಸಿಗದಂತಾಗಿತ್ತು. ಆ ವರ್ಷದ ಜುಲೈನಲ್ಲಿ ಜನ ಬೀದಿಗಿಳಿದು ಹೋಟೆಲಿನಲ್ಲಿ ಉಣ್ಣುತ್ತಿದ್ದ ಪ್ರವಾಸಿಗರ ಮೇಲೆ ಆಟಿಕೆ ಪಿಸ್ತೂಲಿನಿಂದ ನೀರು ಹಾರಿಸಿದರು. ನಮ್ಮಲ್ಲಿ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಪಂಪು ಮನೆಮನೆಯಲ್ಲೂ ಇದೆ, ಗುರಿಯೂ ಚೆನ್ನಾಗಿದೆ. ಆದರೆ ಮಲೆನಾಡಿನವನು ಬಂದವರನ್ನು ಮೊದಲು ಒಳಗೆ ಕರೆದು ಕಾಫಿ ಕೊಟ್ಟುಬಿಡುತ್ತಾನೆ. ಕೊಟ್ಟ ಮೇಲೆ ಜಗಳಕ್ಕೆ ಬಾಯಿ ಬರುವುದಿಲ್ಲ.

6. ಪಾಲುದಾರರ ನಡುವಣ ಅನುಸಂಧಾನ

ಈ ಅಧ್ಯಾಯದಲ್ಲಿ ಬಹುಮುಖಿ ಪಾಲುದಾರರ ನಡುವಣ ಅಧಿಕಾರ ಸಂಬಂಧಗಳ ಸಂಕೀರ್ಣ ಜಾಲವನ್ನು ಒಂದು ರೇಖಾಚಿತ್ರದ ಮೂಲಕ ನಿರೂಪಿಸುವ ಉದ್ದೇಶವಿತ್ತು. ನಾನು ಹೋಗಿದ್ದ ಒಂದು ವಿಚಾರ ಸಂಕಿರಣದಲ್ಲಿ ಒಬ್ಬರು ಅಂಥದೊಂದನ್ನು ಪರದೆಯ ಮೇಲೆ ತೋರಿಸಿದರು. ನಾಲ್ಕು ವೃತ್ತ, ಎಂಟು ಬಾಣ. 'ಸಮುದಾಯ' ಎಂಬ ಹಸಿರು ವೃತ್ತಕ್ಕೆ ಎಲ್ಲ ಕಡೆಯಿಂದಲೂ ಬಾಣಗಳು ಬಂದು ನಾಟಿದ್ದವು. ಹಿಂದಿನ ಸಾಲಿನಲ್ಲಿದ್ದ ನಮಗೆ ನಗು ಬಂತು, ಆಮೇಲೆ ಬರಲಿಲ್ಲ.

ಏಕೆಂದರೆ ಇಲ್ಲಿ ಕಾಯಿಲೆ ಜೋರಾದರೆ ಮಂಗಳೂರಿಗೆ ಹೋಗಬೇಕು, ಹೋಗಲು ಇರುವುದು ಚಾರ್ಮಾಡಿ ಘಾಟಿ. ಉದ್ದನೆಯ ವಾರಾಂತ್ಯಗಳಲ್ಲಿ ಝರಿ ಕಂಡಲ್ಲೆಲ್ಲ ಎರಡೂ ಬದಿ ಕಾರು ನಿಂತು ಒಂದು ಬಸ್ಸು ನುಸುಳುವುದೂ ಕಷ್ಟ. ಆಂಬುಲೆನ್ಸ್ ಕೂಗುತ್ತಿರುತ್ತದೆ, ಮುಂದಿನ ತಿರುವಿನಲ್ಲಿ ಯಾರೋ ಫೋಟೋಕ್ಕೆ ನಿಂತಿರುತ್ತಾರೆ. ಒಳಗೆ ಮಲಗಿದವರು ಯಾವ ವೃತ್ತಕ್ಕೆ ಸೇರುತ್ತಾರೆ?

2019ರ ಆಗಸ್ಟಿನಲ್ಲಿ ಇದೇ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಜಾರಿ ಬಂತು. ಮನೆ ಹೋಯಿತು, ತೋಟ ಹೋಯಿತು, ಕಾಲಡಿಯ ನೆಲವೇ ಹೋಯಿತು. ಆ ಕುಟುಂಬಗಳು ಬದಲಿ ಜಾಗಕ್ಕಾಗಿ ವರ್ಷಗಟ್ಟಲೆ ಕಚೇರಿ ಅಲೆದವು, ಇಲ್ಲಿ ಜಾಗವಿಲ್ಲ, ಅಲ್ಲಿ ಅರಣ್ಯ ಎಂಬ ಉತ್ತರ ಕೇಳಿಸಿಕೊಂಡು. ಜಾಗವಿಲ್ಲದ ಅದೇ ಮಲೆಗಳ ನೆತ್ತಿಯನ್ನು ಜೆಸಿಬಿ ಸಪಾಟು ಮಾಡಿದಾಗ ವ್ಯೂ ಪಾಯಿಂಟಿಗೆ ಜಾಗ ಸಿಗುತ್ತದೆ. ಗುಡ್ಡ ಏಕೆ ಜಾರುತ್ತದೆ ಎಂದು ತಿಳಿಯಲು ಅಂತರ್‌ಶಿಸ್ತೀಯ ಅಧ್ಯಯನ ಬೇಕಿಲ್ಲ. ಬುಡ ಕಡಿದು, ಮೇಲೆ ಕಾಂಕ್ರೀಟು ಹೇರಿ, ನೀರು ಹರಿಯುತ್ತಿದ್ದ ಕೊಲ್ಲಿಯನ್ನು ಮುಚ್ಚಿದರೆ ಸಾಕು. ಇದನ್ನು ತಡೆಯಲು ನಾವೇನು ಮಾಡಿದೆವು? 2013ರಲ್ಲಿ ಪಶ್ಚಿಮ ಘಟ್ಟದ ರಕ್ಷಣೆಗೆಂದು ಕಸ್ತೂರಿರಂಗನ್ ವರದಿ ಬಂದಾಗ ಅದರ ವಿರುದ್ಧ ಮೆರವಣಿಗೆ ಹೋದೆವು. ಎರಡು ಎಕರೆಯವನು ತನ್ನನ್ನು ಎಬ್ಬಿಸುತ್ತಾರೆಂದು ಹೆದರಿ ಹೋದ, ಆ ಹೆದರಿಕೆಗೆ ಕಾರಣವಿತ್ತು. ಅವನ ಪಕ್ಕದಲ್ಲೇ ಗುಡ್ಡದ ಮೇಲೆ ಕಾಟೇಜು ಕಟ್ಟುವವನೂ ಘೋಷಣೆ ಕೂಗುತ್ತಿದ್ದ. ವರದಿ ಜಾರಿಗೆ ಬರಲಿಲ್ಲ. ಎರಡು ಎಕರೆಯವನು ಈಗ ಜಮೀನು ಮಾರಿ ಹಾಸನದಲ್ಲಿದ್ದಾನೆ.

ಇನ್ನು ಊಹಾಪ್ರಮೇಯದ ಸಾಧನೆ. ನಮ್ಮ ಉಪಕೇಂದ್ರಕ್ಕೆ ಹೊಸದಾಗಿ ಬಂದ ನರ್ಸಮ್ಮ ಬಾಡಿಗೆ ಮನೆ ಕೇಳಿಕೊಂಡು ಮೂರು ಕೇರಿ ಸುತ್ತಿದಳು. ಕೊನೆಯ ಮನೆಯಲ್ಲಿ ನಡೆದ ಮಾತು:

'ಅಕ್ಕಾ, ಹಿಂದಿನ ಎರಡು ರೂಮು ಖಾಲಿ ಇದೆಯಂತಲ್ಲ?'

'ಖಾಲಿ ಇದೆ ಕಣಮ್ಮ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ನೀನು ತಿಂಗಳಿಗೆ ಕೊಡೋದು ನಮಗೆ ಶನಿವಾರ ಒಂದು ರಾತ್ರಿಗೆ ಬರುತ್ತೆ. ಮಗಳ ಫೀಸು ಕಟ್ಟಬೇಕು. ನೀನೇ ಹೇಳು, ನಾನೇನ್ ಮಾಡ್ಲಿ?'

ನರ್ಸಮ್ಮ ಏನು ಹೇಳಿಯಾಳು? ಕೊಟ್ಟ ಕಾಫಿ ಕುಡಿದು ಎದ್ದುಬಂದಳು. ಈಗ ಮೂಡಿಗೆರೆ ಪೇಟೆಯಿಂದ ಓಡಾಡುತ್ತಾಳೆ. ಕೊನೆಯ ಬಸ್ಸು ಸಂಜೆ ಐದಕ್ಕೆ, ಹಾಗಾಗಿ ಉಪಕೇಂದ್ರದ ಬಾಗಿಲು ನಾಲ್ಕೂವರೆಗೆ ಮುಚ್ಚುತ್ತದೆ. ಆಮೇಲೆ ಜ್ವರ ಬಂದ ಮಗುವಿಗೆ, ಹೆರಿಗೆ ನೋವು ಶುರುವಾದವಳಿಗೆ ಊರಿನಲ್ಲಿ ಯಾರೂ ಇಲ್ಲ. ವಾರದಲ್ಲಿ ಐದು ರಾತ್ರಿ ಬೀಗ ಬಿದ್ದಿರುವ ಕೋಣೆಗಳು ಮಾತ್ರ ಬೇಕಾದಷ್ಟಿವೆ.

7. ಮುಂದಿನ ಸಂಶೋಧನೆಯ ಸಾಧ್ಯತೆಗಳು

ಸಂಕಿರಣದವರು ಮುಂದಿನ ವರ್ಷವೂ ಕರೆಯುತ್ತಾರಂತೆ. ವಿಷಯ 'ಸುಸ್ಥಿರತೆಯತ್ತ ಒಟ್ಟಾಗಿ ಹೆಜ್ಜೆ'. ಪ್ರಬಂಧದ ಸಾರಾಂಶ ಮುನ್ನೂರು ಪದ ಮೀರಬಾರದೆಂದು ಪತ್ರ ಬಂದಿದೆ. ಸಾರಾಂಶ ಹೀಗಿದೆ: ನರ್ಸಮ್ಮನಿಗೆ ಬಾಡಿಗೆಗೆ ಮನೆ ಬೇಕಾಗಿದೆ. ಎರಡು ರೂಮು, ಒಂದು ಅಡುಗೆಮನೆ, ಬೇಸಿಗೆಯಲ್ಲೂ ನೀರು ಇರಬೇಕು. ಹೊಳೆ, ಗುಡ್ಡ, ಮಂಜು ಏನೂ ಕಾಣದಿದ್ದರೂ ಪರವಾಗಿಲ್ಲ. ಶನಿವಾರ ಭಾನುವಾರ ಖಾಲಿ ಮಾಡಿಕೊಡಲು ಆಗುವುದಿಲ್ಲ. ಇದ್ದವರು ಪಂಚಾಯಿತಿ ಕಚೇರಿಗೆ ತಿಳಿಸುವುದು.