ನಾಲ್ಕು ಸಾಲಿನ ಎಂ.ಪಿ.

ಅಡಿಕೆ ಕೊಯ್ಲು ಶುರುವಾಯಿತೆಂದರೆ ಘಟ್ಟದ ಮೇಲಿನ ಮನ್ಮನೆ ಸೀಮೆಯಲ್ಲಿ ರಾತ್ರಿ ಊಟದ ಮೇಲೂ ಕೆಲಸ. ಮೆಟ್ಟುಗತ್ತಿ ಹಾಕಿಕೊಂಡು ಸಾಲಾಗಿ ಕೂತರೆ ಕೈ ಅಡಿಕೆ ಸುಲಿಯುತ್ತದೆ, ಬಾಯಿ ಊರನ್ನೇ ಸುಲಿಯುತ್ತದೆ. ಅಡಿಕೆ ದರ, ಯಕ್ಷಗಾನ, ಯಾರದೋ ಮನೆಯ ಮದುವೆ ಎಲ್ಲ ಮುಗಿದ ಮೇಲೆ ಹಿರಿಯರೊಬ್ಬರು ದಿನಕರ ದೇಸಾಯರ ಚುಟುಕವೊಂದನ್ನು ಬಿಡುತ್ತಾರೆ. ಇಷ್ಟು ಹೇಗೆ ನೆನಪಿದೆ ಎಂದು ಕೇಳಿದರೆ, “ನಾಲ್ಕೇ ಸಾಲು ಅಲ್ದನಾ ಮಾರಾಯಾ!”

ಘಟ್ಟದ ಕೆಳಗಿನವರ ಮಾತನ್ನು ಘಟ್ಟದ ಮೇಲಿನವರು ಅಷ್ಟು ಸುಲಭಕ್ಕೆ ಒಪ್ಪುವವರಲ್ಲ. ಅಂಕೋಲೆಯ ದೇಸಾಯರಿಗೆ ಮಾತ್ರ ವಿನಾಯಿತಿ.

1909ರಲ್ಲಿ ಹುಟ್ಟಿದ ಈ ಮನುಷ್ಯನಿಗೆ ಉದ್ದ ಬರೆಯಲು ಬರುತ್ತಿರಲಿಲ್ಲ ಎಂದುಕೊಳ್ಳಬೇಡಿ. ಗೋಖಲೆಯವರು ಕಟ್ಟಿದ ಭಾರತ ಸೇವಕ ಸಮಾಜ ಸೇರಿ, ಮುಂಬಯಿಯಲ್ಲಿ ಹಡಗಿನ ಕೆಲಸಗಾರರ ಸಂಘಟನೆ ಮಾಡುತ್ತ, ಅದೇ ವಿಷಯದ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕವನ್ನೇ ಬರೆದವರು. ಪ್ರಾಥಮಿಕ ಶಿಕ್ಷಣದ ಬಗ್ಗೆ ಇನ್ನೊಂದು. ವಿದೇಶಕ್ಕೆ ಹೋಗಿ ಬಂದು ‘ನಾ ಕಂಡ ಪಡುವಣ’ ಎಂಬ ಪ್ರವಾಸ ಕಥನ ಬೇರೆ. ಆದರೆ ಅಡಿಕೆ ಸುಲಿಯುತ್ತ ಹಡಗಿನ ಕಾರ್ಮಿಕರ ಸ್ಥಿತಿಗತಿಯನ್ನು ಪುಟಗಟ್ಟಲೆ ಬಾಯಿಪಾಠ ಒಪ್ಪಿಸುವವರನ್ನು ಯಾರೂ ಕಂಡಿಲ್ಲ.

ಅವರ ಚುಟುಕದ ಗುಟ್ಟು ಕೊನೆಯ ಸಾಲಿನಲ್ಲಿದೆ. ಮೊದಲ ಮೂರು ಸಾಲು ಕವಳದ ತಟ್ಟೆ ಮುಂದೆ ಸರಿಸಿದ ಹಾಗೆ ಉಪಚಾರ ಮಾಡುತ್ತವೆ; ಮಂತ್ರಿಯೋ, ಮಠವೋ, ಸಾಹುಕಾರನೋ, ಯಾರ ಮಾತೆಂದು ಕೇಳುವವನಿಗೆ ಇನ್ನೂ ಅಂದಾಜು ಸಿಕ್ಕಿರುವುದಿಲ್ಲ. ನಾಲ್ಕನೆಯದರಲ್ಲಿ ಕುಟುಕು. ಪ್ರಾಸ ಗಟ್ಟಿ, ಶಬ್ದ ಸಲೀಸು, ನಿಘಂಟು ಬೇಡ. ‘ಜನಸೇವಕ’ ವಾರಪತ್ರಿಕೆಯಲ್ಲಿ ಇವು ಬರುತ್ತಿದ್ದ ಕಾಲದಲ್ಲಿ ಸಂಪಾದಕೀಯ ಬಿಟ್ಟು ಮೊದಲು ಚುಟುಕ ಓದುವವರೇ ಹೆಚ್ಚಿದ್ದರೆ ಅದರಲ್ಲಿ ಸಂಪಾದಕೀಯದ ತಪ್ಪೇನೂ ಇಲ್ಲ.

ಬದುಕಿನಲ್ಲೂ ಅವರಿಗೆ ಪ್ರಾಸ ಚೆನ್ನಾಗಿಯೇ ಕೂಡಿಬಂತು. ಗೇಣಿ ರೈತರ ಬೆನ್ನಿಗೆ ನಿಂತರೆಂದು ಬ್ರಿಟಿಷ್ ಸರ್ಕಾರ ಅವರನ್ನು ಐದು ವರ್ಷ ಉತ್ತರ ಕನ್ನಡ ಜಿಲ್ಲೆಯಿಂದ ಗಡಿಪಾರು ಮಾಡಿತು. ಯಾವ ಜಿಲ್ಲೆಗೆ ಕಾಲಿಡಬೇಡ ಎಂದರೋ ಅದೇ ಜಿಲ್ಲೆಯಲ್ಲಿ ಅವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹೈಸ್ಕೂಲುಗಳನ್ನು ತೆರೆಯುತ್ತ ಹೋದರು. ಅಂಕೋಲೆಯಲ್ಲಿ ಗೋಖಲೆಯವರ ಶತಮಾನೋತ್ಸವದ ಹೆಸರಿನಲ್ಲಿ ಕಾಲೇಜೂ ಬಂತು. 1967ರಲ್ಲಿ ಪಕ್ಷದ ಹಂಗಿಲ್ಲದೆ ಸ್ವತಂತ್ರವಾಗಿ ನಿಂತು ಗೆದ್ದು, ಆ ಜಿಲ್ಲೆಯವರ ಪರವಾಗಿಯೇ ಲೋಕಸಭೆಗೆ ಹೋಗಿ ಕೂತರು. ಮಂತ್ರಿಗಳನ್ನು ಕುಟುಕುವ ಕವಿ ಆಳುವವರ ಎದುರೇ ಹೋಗಿ ಕೂರುವುದಕ್ಕಿಂತ ದೊಡ್ಡ ಚುಟುಕ ಇನ್ನೇನು ಬೇಕು?

ದೊಡ್ಡವರನ್ನು ಇಷ್ಟೆಲ್ಲ ಚುಚ್ಚಿದ ಕೈಯೇ ಮಕ್ಕಳಿಗೂ ಬರೆಯಿತು. ಗಡಿಯಾರದ ಮೇಲಿನ ಅವರ ಪದ್ಯವನ್ನು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ನೆಲದ ಮೇಲೆ ಕೂತು, ತಲೆಯಾಡಿಸುತ್ತ ಕೂಗದ ಕನ್ನಡ ಶಾಲೆಯ ಮಕ್ಕಳು ಒಂದು ಕಾಲದಲ್ಲಿ ಕಡಿಮೆ. ಈಗ ಲೆಕ್ಕ ಹೀಗಿದೆ: ಪದ್ಯ ಬರುವ ಹಲವರಿಗೆ ಬರೆದವರ ಹೆಸರು ಬರುವುದಿಲ್ಲ, ಹೆಸರು ಬಲ್ಲ ಹಲವರಿಗೆ ಅವರು ಎಂ.ಪಿ. ಆಗಿದ್ದರೆಂದು ಗೊತ್ತಿಲ್ಲ, ಅವರಿಗೆ ವೋಟು ಹಾಕಿದ ಹಳಬರನ್ನು ಲೋಕಸಭೆಯಲ್ಲಿ ದೇಸಾಯರು ಏನು ಮಾತಾಡಿದರೆಂದು ಕೇಳಿದರೆ, ಗಂಟಲು ಸರಿಮಾಡಿಕೊಂಡು ಒಂದು ಚುಟುಕ ಹೇಳಿಬಿಡುತ್ತಾರೆ.