ಬೈಕುಲ್ಲಾ ಸಮಾಗಮ ಸಮಿತಿಗೊಂದು ಬಿನ್ನವತ್ತಳೆ

ಮುಂಬಯಿ ಕನ್ನಡಿಗರು ಶಾಲು ಹೊದೆಸದೆ ಬಿಟ್ಟ ಸಾಧಕರು ಈ ಮಹಾನಗರದಲ್ಲಿ ಹೆಚ್ಚು ಮಂದಿ ಉಳಿದಿಲ್ಲ. ಹೋಟೆಲು ನಡೆಸಿದವರಿಗೆ, ಬ್ಯಾಂಕಿನಿಂದ ನಿವೃತ್ತರಾದವರಿಗೆ, ಯಕ್ಷಗಾನ ಆಡಿಸಿದವರಿಗೆ, ಆಡಿಸಿದವರಿಗೆ ದೇಣಿಗೆ ಕೊಟ್ಟವರಿಗೆ, ಎಲ್ಲರಿಗೂ ಫಲಪುಷ್ಪ ಸಂದಿದೆ. ಬಾಕಿ ಇರುವುದು ಒಂದೇ ಸಮಿತಿ. ಆಫೀಸೇ ಇಲ್ಲದ ಕಂಪನಿಯೊಂದರ ನೌಕರರನ್ನು ಒಂಬತ್ತು ದೇಶಗಳಿಂದ ಇಲ್ಲಿನ ಬೈಕುಲ್ಲಾಕ್ಕೆ ಕರೆಸಿ, ನಾಲ್ಕು ದಿನ ಒಂದೇ ಸೂರಿನಡಿ ಇರಿಸಲು ಎಂಟು ತಿಂಗಳು ದುಡಿದ ಆ ಸಮಿತಿಯ ಫೋಟೋ ಇನ್ನೂ ಯಾವ ಕನ್ನಡ ಪತ್ರಿಕೆಯಲ್ಲೂ ಬಂದಿಲ್ಲ. ನನ್ನ ಅಕ್ಕನ ಮಗ ಅದರ ಸದಸ್ಯ. ಆ ಸಲುಗೆಯಿಂದ ಬಿನ್ನವತ್ತಳೆಯನ್ನು ನಾನೇ ಬರೆದು ಓದುತ್ತಿದ್ದೇನೆ. ಸಭಿಕರು ಶಾಂತಚಿತ್ತರಾಗಿ ಕೇಳಬೇಕು.

ಮೊದಲು ಕಂಪನಿಯ ಕಿರು ಪರಿಚಯ. ಅದರ ಒಬ್ಬ ನೌಕರ ಮಣಿಪಾಲದ ಫ್ಲ್ಯಾಟಿನಲ್ಲಿ ಕೂತಿದ್ದಾನೆ, ಒಬ್ಬಾಕೆ ಲಿಸ್ಬನ್ನಿನಲ್ಲಿ, ಒಬ್ಬ ಟೊರಾಂಟೊದಲ್ಲಿ, ಇನ್ನೊಬ್ಬ ಮನಿಲಾದಲ್ಲಿ. ವರ್ಷಗಳಿಂದ ದಿನವೂ ಭೇಟಿಯಾಗುತ್ತಾರೆ, ಆದರೆ ಎದೆಯಿಂದ ಮೇಲಕ್ಕೆ ಮಾತ್ರ. ಉಳಿದ ಭಾಗದಲ್ಲಿ ಪ್ಯಾಂಟಿದೆಯೋ ಲುಂಗಿಯಿದೆಯೋ ಎಂಬುದು ಪರಸ್ಪರ ವಿಶ್ವಾಸಕ್ಕೆ ಬಿಟ್ಟ ವಿಚಾರ. ಇಂಥ ವಿಶ್ವಾಸಕ್ಕೆ ಆಗಾಗ ನೀರೆರೆಯಬೇಕೆಂದು ಲೋಕದ ದೊಡ್ಡ ಕಂಪನಿಗಳು ಎಂದೋ ಮನಗಂಡಿವೆ. ವರ್ಡ್‌ಪ್ರೆಸ್ ಖ್ಯಾತಿಯ ಆಟೊಮ್ಯಾಟಿಕ್ ತನ್ನ ಜನರನ್ನೆಲ್ಲ ಒಂದೆಡೆ ಸೇರಿಸಿ ‘ಗ್ರ್ಯಾಂಡ್ ಮೀಟಪ್’ ನಡೆಸಿತು. ಗಿಟ್‌ಲ್ಯಾಬ್ 2018ರಲ್ಲಿ ಕೇಪ್‌ಟೌನಿನಲ್ಲಿ, 2019ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ಕೂಡಿತು. 2020ರಲ್ಲಿ ಪ್ರಾಗ್‌ಗೆ ಹೊರಟಿದ್ದ ಅದೇ ಸಮಾಗಮ ಕೋವಿಡ್‌ನಿಂದಾಗಿ ಮತ್ತೆ ಪರದೆಯ ಮೇಲೆಯೇ ನಡೆಯಿತು. ನಮ್ಮ ಸಮಿತಿ ಆ ಕೊನೆಯ ಘಟನೆಯಿಂದ ಎಷ್ಟು ಸ್ಫೂರ್ತಿ ಪಡೆದಿತ್ತೆಂಬುದು ಮುಂದೆ ತಿಳಿಯುತ್ತದೆ.

ಸ್ಥಳದ ಆಯ್ಕೆಯಲ್ಲೇ ಸಮಿತಿಯ ಮುತ್ಸದ್ದಿತನ ಕಾಣಬಹುದು. ಬಾಲಿ ಎಂದವರಿಗೆ ಲಿಸ್ಬನ್ ಬಣ ಒಪ್ಪಲಿಲ್ಲ, ಲಿಸ್ಬನ್ ಎಂದವರಿಗೆ ಲೆಕ್ಕಪತ್ರದವರು ಒಪ್ಪಲಿಲ್ಲ, ಗೋವಾ ಎಂದವರಿಗೆ ಗೋವಾಕ್ಕೆ ಹೋಗಿ ಬಂದವರು ಒಪ್ಪಲಿಲ್ಲ. ಬೈಕುಲ್ಲಾವನ್ನು ಯಾರೂ ಸೂಚಿಸಿರಲಿಲ್ಲ. ಆದ್ದರಿಂದ ಅದು ಗೆದ್ದರೆ ಯಾರೂ ಸೋತಂತಾಗುವುದಿಲ್ಲ. ಸರ್ವಾನುಮತವೆಂದರೆ ಇದೇ. ಹೋಟೆಲಿನ ದರವೂ ಕಡಿಮೆಯಿತ್ತೆಂಬುದನ್ನು ಸಮಿತಿ ತನ್ನ ಟಿಪ್ಪಣಿಯಲ್ಲಿ ಸಂಕೋಚದಿಂದ ಕೈಬಿಟ್ಟಿದೆ.

ದೂರದೂರ ಕೂತ ತಂಡಗಳು ಬೈಕುಲ್ಲಾಕ್ಕೆ ಹೊಸತೇನಲ್ಲ. 1830ರ ದಶಕದಲ್ಲಿ ಬಗ್ದಾದ್ ಬಿಟ್ಟು ಮುಂಬಯಿಗೆ ಬಂದ ಡೇವಿಡ್ ಸಸೂನ್ ಇಲ್ಲೇ ಬಂಗಲೆ ಕಟ್ಟಿಸಿದರು. ಆ ಬಂಗಲೆ ಈಗ ಮಸೀನಾ ಆಸ್ಪತ್ರೆ. ಅವರು ಕಟ್ಟಿಸಿದ ಮಾಗೆನ್ ಡೇವಿಡ್ ಯಹೂದಿ ಮಂದಿರ ಇಂದಿಗೂ ಬೈಕುಲ್ಲಾದಲ್ಲಿದೆ. ಅವರಿಗೆ ಎಂಟು ಗಂಡುಮಕ್ಕಳು. 1844ರಲ್ಲಿ ಎಲಿಯಾಸ್ ಎಂಬ ಮಗನನ್ನು ಚೀನಾಕ್ಕೆ ಕಳಿಸಿದರು. ಮುಂದೆ ಶಾಂಘೈ, ಹಾಂಗ್‌ಕಾಂಗ್, ಲಂಡನ್ ಎಂದು ಮನೆತನ ಹರಡಿತು. ಹೀಬ್ರೂ ಲಿಪಿಯಲ್ಲಿ ಬರೆದ ಅರಬ್ಬಿ ಭಾಷೆಯ ಕಾಗದಗಳಲ್ಲಿ ಹತ್ತಿ, ಅಫೀಮುಗಳ ದರ ತಿಳಿಸುತ್ತ ಖಂಡಾಂತರದ ವ್ಯಾಪಾರ ನಡೆಸಿದರು. ಇಷ್ಟೆಲ್ಲ ಇದ್ದೂ ಆ ಮನೆತನ ಒಂದೇ ಒಂದು ಆಫ್‌ಸೈಟ್ ಸಮಾಗಮ ಮಾಡಿದ ದಾಖಲೆ ನನ್ನ ಕಣ್ಣಿಗೆ ಬಿದ್ದಿಲ್ಲ. ಪರಿಣಾಮ ನೋಡಿ. 1864ರಲ್ಲಿ ತಂದೆ ತೀರಿಕೊಂಡರು, 1867ರಲ್ಲಿ ಎಲಿಯಾಸ್ ಬೇರೆ ಕಂಪನಿ ತೆರೆದುಬಿಟ್ಟ. ಬಂಗಲೆಯ ಹುಲ್ಲುಹಾಸಿನ ಮೇಲೆ ಅಣ್ಣತಮ್ಮಂದಿರನ್ನು ಕೂರಿಸಿ, ಬಣ್ಣದ ಚೀಟಿಗಳ ಮೇಲೆ ‘ನಮ್ಮ ಮೌಲ್ಯಗಳು’ ಬರೆಸಿದ್ದರೆ ಪಾಲಾಗುವ ಪ್ರಸಂಗವೇ ಬರುತ್ತಿರಲಿಲ್ಲ. ಅಫೀಮಿಗೂ ಆ ಚೀಟಿಗಳಲ್ಲಿ ಒಂದು ಗೌರವದ ಹೆಸರು ಸಿಗುತ್ತಿತ್ತು.

ಸಮಯಪಾಲನೆಯ ವಿಷಯಕ್ಕೆ ಬರೋಣ. 1906ರ ಜನವರಿ 1ರಂದು ಸರ್ಕಾರ ಭಾರತಕ್ಕೆಲ್ಲ ಒಂದೇ ಗಡಿಯಾರ ತಂದಾಗ ಅದಕ್ಕೆ ತಲೆಬಾಗದ ಊರು ಇದು. ಬೊಂಬಾಯಿ ಸಮಯ ಹೊಸ ಗಡಿಯಾರಕ್ಕಿಂತ 39 ನಿಮಿಷ ಹಿಂದೆ. ಗಿರಣಿಗಳು ಹೊಸ ಸಮಯ ಜಾರಿಗೆ ತಂದಾಗ ಕಾರ್ಮಿಕರು ತಿರುಗಿಬಿದ್ದರು. ನಗರಪಾಲಿಕೆಯಂತೂ ಸ್ವಾತಂತ್ರ್ಯ ಬಂದ ಮೇಲೂ ಕೆಲಕಾಲ ಹಳೆಯ ಸಮಯವನ್ನು ಬಿಡಲಿಲ್ಲ. ಇಂಥ ಊರಿನಲ್ಲಿ ಸಮಿತಿ ತನ್ನ ಕಾರ್ಯಕ್ರಮ ಪಟ್ಟಿಯನ್ನು ಯುಟಿಸಿ ಎಂಬ ವಿಶ್ವ ಸಮಯದಲ್ಲಿ ಅಚ್ಚು ಹಾಕಿಸಿತು. ಉದ್ಘಾಟನೆ 04:00, ಊಟ 07:30. “ಎಲ್ಲರೂ ಬೈಕುಲ್ಲಾದಲ್ಲೇ ಇರುವಾಗ ಬೈಕುಲ್ಲಾದ ಸಮಯ ಹಾಕಬಾರದೇನೋ?” ಎಂದು ಅಳಿಯನನ್ನು ಕೇಳಿದೆ. “ಹಾಗೆ ಮಾಡಿದ್ರೆ ಭಾರತದವರಿಗೆ ಪಕ್ಷಪಾತ ಮಾಡಿದ ಹಾಗಾಗ್ತದೆ ಮಾವ” ಎಂದ. ಮೊದಲ ದಿನ ಊಟದ ಹಾಲಿಗೆ ಬೆಳಿಗ್ಗೆ ಏಳೂವರೆಗೇ ಬಂದು ನಿಂತವರು ಕೆಲವರು. ಮನಿಲಾದವರಿಗೆ ಅದೇ ಹಸಿವಿನ ಹೊತ್ತಾದ್ದರಿಂದ ಅವರು ತಕರಾರು ಮಾಡಲಿಲ್ಲ.

ವೀಸಾದ ಅಧ್ಯಾಯ ಇನ್ನೂ ಉಜ್ವಲ. ಭಾರತದ ಇ-ವೀಸಾದಲ್ಲಿ ಪ್ರವಾಸಕ್ಕೊಂದು, ವ್ಯಾಪಾರಕ್ಕೊಂದು, ಸಮ್ಮೇಳನಕ್ಕೊಂದು ಬೇರೆಬೇರೆ ಬಗೆ. ಸಮಾಗಮ ಎಂಬುದು ಇವುಗಳಲ್ಲಿ ಯಾವುದು? ಕೆಲಸ ಎನ್ನೋಣವೆಂದರೆ ಯಾರೂ ಕೆಲಸ ಮಾಡುವುದಿಲ್ಲ. ಪ್ರವಾಸ ಎನ್ನೋಣವೆಂದರೆ ಹೋಟೆಲಿನಿಂದ ಹೊರಗೆ ಬಿಡುವುದಿಲ್ಲ. ಸಮ್ಮೇಳನ ಎನ್ನೋಣವೆಂದರೆ ನಿರ್ಣಯವೇ ಇಲ್ಲ. ಈ ಜಿಜ್ಞಾಸೆಗೆ ಸಮಿತಿ ಅನೇಕ ರಾತ್ರಿಗಳನ್ನು ಕೊಟ್ಟಿತು. ಪ್ರವಾಸಿ ವೀಸಾದಲ್ಲಿ ಅಲ್ಪಾವಧಿಯ ಯೋಗ ಕಲಿಕೆಗೆ ಅವಕಾಶವಿದೆಯೆಂದು ಯಾರೋ ಕಂಡುಹಿಡಿದದ್ದೇ ತಡ, ಪಟ್ಟಿಗೆ ಯೋಗ ಸೇರಿತು. ಆಮೇಲೆ ವಕೀಲರು ಬಿಸಿನೆಸ್ ವೀಸಾವೇ ಸರಿ ಎಂದರು. ಎಲ್ಲರೂ ಅದನ್ನೇ ಮಾಡಿಸಿಕೊಂಡರು. ಯೋಗವನ್ನು ಪಟ್ಟಿಯಿಂದ ತೆಗೆಯಲು ಮಾತ್ರ ಮತ್ತೊಂದು ಮೀಟಿಂಗ್ ಬೇಕಿತ್ತು, ಅದಕ್ಕೆ ಸಮಯ ಸಿಗಲಿಲ್ಲ. ಹೀಗಾಗಿ ಟೊರಾಂಟೊದವನು ನಾಲ್ಕೂ ದಿನ ನಿದ್ದೆಗಣ್ಣಿನಲ್ಲಿ ಸೂರ್ಯನಮಸ್ಕಾರ ಹಾಕಿದ.

ಊಟದ ಉಪಸಮಿತಿಯನ್ನು ಪ್ರತ್ಯೇಕವಾಗಿ ನೆನೆಯದಿದ್ದರೆ ಅಪಚಾರ. ಬೈಕುಲ್ಲಾದ ಸುತ್ತಮುತ್ತ ಇರಾನಿ ಹೋಟೆಲಿನ ಬನ್ ಮಸ್ಕಾ ಇದೆ, ನಾಗಪಾಡಾ–ಮದನಪುರಾದ ಕಬಾಬ್ ಇದೆ, 1908ರಿಂದ ಒಲೆ ಆರದ ಅಮೆರಿಕನ್ ಎಕ್ಸ್‌ಪ್ರೆಸ್ ಬೇಕರಿ ಇದೆ, ನಮ್ಮವರ ಇಡ್ಲಿ-ವಡೆ ಸರಿಯೇ ಸರಿ. ಇಷ್ಟೊಂದು ಆಮಿಷಗಳ ನಡುವೆಯೂ ಉಪಸಮಿತಿ ವಿಚಲಿತವಾಗಲಿಲ್ಲ. ಗೂಗಲ್ ಫಾರ್ಮ್ ಕಳಿಸಿ ಯಾರಿಗೆ ಏನು ಕೂಡದೆಂದು ಬರೆಸಿಕೊಂಡಿತು. ಒಬ್ಬರಿಗೆ ಗೋಧಿ ಕೂಡದು, ಒಬ್ಬರಿಗೆ ಹಾಲು, ಒಬ್ಬರಿಗೆ ನೆಲಗಡಲೆ, ಒಬ್ಬರಿಗೆ ಮಾಂಸ, ಇಬ್ಬರಿಗೆ ನೀರುಳ್ಳಿ-ಬೆಳ್ಳುಳ್ಳಿ, ಒಬ್ಬರಿಗೆ ಅಕ್ಕಿ. ಪ್ರತ್ಯೇಕ ತಟ್ಟೆ ಬಡಿಸಿದರೆ ಐಕ್ಯಕ್ಕೆ ಭಂಗ. ಆದ್ದರಿಂದ ಎಲ್ಲರ ‘ಕೂಡದು’ಗಳನ್ನೂ ಕೂಡಿಸಿದಾಗ ಉಳಿದದ್ದು ಸೌತೆಕಾಯಿ. ಅದನ್ನೇ ನಾಲ್ಕು ದಿನ ನಾಲ್ಕು ಬಗೆಯಲ್ಲಿ ಹೆಚ್ಚಿ ಬಡಿಸಲಾಯಿತು.

ಇನ್ನು ಪರಸ್ಪರ ನಂಬಿಕೆ ಬೆಳೆಸುವ ಆಟಗಳು. ಕಣ್ಣು ಮುಚ್ಚಿ ಹಿಂದಕ್ಕೆ ಬೀಳುವುದು, ಸಹೋದ್ಯೋಗಿ ಹಿಡಿಯುವುದು. ಸಂಜೆ ಆರೂವರೆಗೆ ಬೈಕುಲ್ಲಾ ಸ್ಟೇಷನ್ನಿನಲ್ಲಿ ಕಲ್ಯಾಣ್ ಫಾಸ್ಟ್ ಹತ್ತಿದರೆ ಗುರುತುಪರಿಚಯ ಇಲ್ಲದವರೇ ಒಳಗೆಳೆದುಕೊಳ್ಳುತ್ತಾರಲ್ಲ ಎಂದು ನಾನು ಸೂಚಿಸಿದೆ. ಕಂಪನಿಯ ವಿಮೆಯಲ್ಲಿ ಲೋಕಲ್ ರೈಲಿಗೆ ಅವಕಾಶವಿಲ್ಲವಂತೆ. ಬದಲಿಗೆ ಸ್ಟೇಷನ್ನಿನ ಚಿತ್ರಗಳನ್ನು ಪರದೆಯ ಮೇಲೆ ತೋರಿಸಿದರು. 1853ರಲ್ಲಿ ದೇಶದ ಮೊದಲ ಪ್ರಯಾಣಿಕರ ರೈಲು ಠಾಣೆಗೆ ಹೋದದ್ದು ಇದೇ ಹಾದಿಯಲ್ಲಿ, ಈಗಿನ ಕಟ್ಟಡ 1857ರದು, ಜೀರ್ಣೋದ್ಧಾರಕ್ಕೆ 2022ರಲ್ಲಿ ಯುನೆಸ್ಕೊ ಪ್ರಶಸ್ತಿ ಬಂತು ಎಂದೆಲ್ಲ ಅತಿಥಿಗಳು ಕಲಿತರು. ಹೋಟೆಲಿನ ಕಿಟಕಿ ತೆರೆದಿದ್ದರೆ ಅದರ ಅನೌನ್ಸ್‌ಮೆಂಟೂ ಕೇಳುತ್ತಿತ್ತು. ಎ.ಸಿ. ಇದ್ದದ್ದರಿಂದ ತೆರೆಯಲಿಲ್ಲ.

ಪಕ್ಕದ ಮಜಗಾಂವ್ ಕಡೆ ಹಿಂದೆ ಗೋವಾದ ಹಡಗು ನೌಕರರು ‘ಕೂಡ್’ಗಳಲ್ಲಿ ತಂಗುತ್ತಿದ್ದರು. ಊರಿಗೊಂದು ಕೂಡ್, ಆಳಿಗೊಂದು ಟ್ರಂಕು, ಸಂಜೆಗೊಂದು ಪ್ರಾರ್ಥನೆ. ಮುಂದಿನ ಹಡಗು ಸಿಗುವವರೆಗೆ ಅಲ್ಲೇ ಊಟ, ಅಲ್ಲೇ ನಿದ್ದೆ. ಅವರದೂ ದೇಶದೇಶಗಳಲ್ಲಿ ಚದುರಿದ ತಂಡವೇ. ಆದರೆ ಅವರ ಒಡನಾಟ ಎಷ್ಟು ಶೇಕಡಾ ವೃದ್ಧಿಸಿತೆಂದು ಅಳೆದವರಿಲ್ಲ. ಅಳತೆಯಿಲ್ಲದ ಸ್ನೇಹವನ್ನು ಯಾವ ಆಡಳಿತ ಮಂಡಳಿಯ ಮುಂದೆ ಇಡಲಾದೀತು? ನಮ್ಮ ಸಮಿತಿ ಈ ಕೊರತೆಯನ್ನು ನೀಗಿತು. ಪಟ್ಟಿಯಲ್ಲಿ ‘ಮುಕ್ತ ಮಾತುಕತೆ, 15 ನಿಮಿಷ, ಹಾಜರಿ ಕಡ್ಡಾಯ’ ಎಂದು ದಿನಕ್ಕೊಂದು ಅವಧಿಯಿತ್ತು. ಗಂಟೆ ಬಾರಿಸಿದೊಡನೆ ನಗುವನ್ನು ನಿಲ್ಲಿಸುವ ಶಿಸ್ತು ಎರಡನೆಯ ದಿನಕ್ಕೇ ಎಲ್ಲರಿಗೂ ಬಂದಿತ್ತು.

ಆದರೆ ಸಮಿತಿಯ ಕೀರ್ತಿಶಿಖರ ಬೇರೆಯೇ ಇದೆ. ಇಬ್ಬರಿಗೆ ಬರಲಾಗಲಿಲ್ಲ. ಒಬ್ಬರ ವೀಸಾ ಸಕಾಲಕ್ಕೆ ಸಿಗಲಿಲ್ಲ, ಇನ್ನೊಬ್ಬರ ಮನೆಯಲ್ಲಿ ಬಾಣಂತನ. ಒಬ್ಬರು ಪರದೆಯಲ್ಲಿದ್ದರೆ ಎಲ್ಲರೂ ಪರದೆಯಲ್ಲೇ ಇರಬೇಕೆಂಬುದು ಇಂಥ ಕಂಪನಿಗಳ ಧರ್ಮಸೂತ್ರ. ಆದ್ದರಿಂದ ಹಾಲಿನಲ್ಲಿ ಸಾಲಾಗಿ ಕೂತ ಎಲ್ಲರೂ ತಂತಮ್ಮ ಲ್ಯಾಪ್‌ಟಾಪ್ ತೆರೆದು ಜೂಮ್‌ಗೆ ಬಂದರು. ಅಷ್ಟು ಮೈಕುಗಳು ಒಟ್ಟಿಗೆ ತೆರೆದಾಗ ಎದ್ದ ಪ್ರತಿಧ್ವನಿಗೆ ಹೋಟೆಲಿನ ಮಾಣಿ ತಟ್ಟೆ ಬೀಳಿಸಿದ. ಸಮಿತಿ ಕ್ಷಣವೂ ಎದೆಗುಂದದೆ ಎಲ್ಲರನ್ನೂ ಅವರವರ ರೂಮಿಗೆ ಕಳಿಸಿತು. ಅಲ್ಲಿಂದ ಸಭೆ ಸಾಂಗವಾಗಿ ನಡೆಯಿತು. ಪಕ್ಕದ ರೂಮಿನವನು ಕೆಮ್ಮಿದ್ದು ಮೊದಲು ಗೋಡೆಯಿಂದಲೂ ಆಮೇಲೆ ಹೆಡ್‌ಫೋನಿನಿಂದಲೂ ಕೇಳಿಸಿದಾಗ ಸಾಮೀಪ್ಯದ ಅನುಭವ ಇಮ್ಮಡಿಯಾಯಿತೆಂದು ಅಳಿಯ ಹೇಳಿದ.

ಕೊನೆಗೆ ಒಂದೇ ಒಂದು ಕಪ್ಪುಚುಕ್ಕೆಯನ್ನೂ ಪ್ರಾಮಾಣಿಕವಾಗಿ ದಾಖಲಿಸಬೇಕು. ವಿಹಾರಕ್ಕೆಂದು ರಾಣಿಬಾಗ್ ಮೃಗಾಲಯ ಮತ್ತು ಅದಕ್ಕೆ ತಾಗಿದ ಡಾ. ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯ ಗೊತ್ತಾಗಿದ್ದವು. 1872ರ ಆ ಸಂಗ್ರಹಾಲಯದ ಅಂಗಳದಲ್ಲಿ ಘಾರಾಪುರಿ ದ್ವೀಪಕ್ಕೆ ಎಲಿಫೆಂಟಾ ಎಂಬ ಹೆಸರು ತಂದ ಕಲ್ಲಿನ ಆನೆಯೇ ನಿಂತಿದೆ. ರಾಣಿಬಾಗಿನಲ್ಲಿ ಹಂಬೋಲ್ಟ್ ಪೆಂಗ್ವಿನ್‌ಗಳಿವೆ. ತಳಿ ಪೆರು-ಚಿಲಿ ಕರಾವಳಿಯದು, 2016ರಲ್ಲಿ ಎಂಟು ಹಕ್ಕಿಗಳು ಬಂದದ್ದು ದಕ್ಷಿಣ ಕೊರಿಯಾದ ಸೋಲ್‌ನಿಂದ, ವಾಸ ಬೈಕುಲ್ಲಾದ ಎ.ಸಿ. ಕೋಣೆಯಲ್ಲಿ. ಒಂದು ಕೆಲವೇ ತಿಂಗಳಲ್ಲಿ ತೀರಿಕೊಂಡಿತು, ಉಳಿದವು 2017ರಲ್ಲಿ ಗಾಜಿನ ಹಿಂದೆ ನಿಂತು ಸಾರ್ವಜನಿಕರಿಗೆ ದರ್ಶನ ಕೊಡತೊಡಗಿದವು. ಹೊರಗೆ ಹೋಗದೆ, ಸೆಕೆಯ ಮಾತೆತ್ತದೆ ದುಡಿಯುವ ಈ ಅಂತರರಾಷ್ಟ್ರೀಯ ತಂಡದಿಂದ ಪಾಠ ಕಲಿಯಬೇಕೆಂಬುದು ಸಮಿತಿಯ ಉದ್ದೇಶ. ಎಲ್ಲರ ಕ್ಯಾಲೆಂಡರಿನಲ್ಲಿ ಖಾಲಿಯಿದ್ದ ಏಕೈಕ ದಿನ ಬುಧವಾರ. ಬೈಕುಲ್ಲಾದ ಮಕ್ಕಳಿಗೂ ಗೊತ್ತಿರುವಂತೆ ಬುಧವಾರ ಎರಡಕ್ಕೂ ರಜೆ.

ಗೇಟು ಮುಚ್ಚಿತ್ತು. ಬಸ್ಸು ತಿರುಗಿ ಬರಲು ಐವತ್ತು ನಿಮಿಷ. ಆ ಐವತ್ತು ನಿಮಿಷಕ್ಕೆ ಅಜೆಂಡಾ ಇರಲಿಲ್ಲ, ಸಂಚಾಲಕರಿರಲಿಲ್ಲ, ನೆರಳೂ ಇರಲಿಲ್ಲ. ಫುಟ್‌ಪಾತಿನಲ್ಲಿ ಕಟಿಂಗ್ ಚಾ ಕುಡಿಯುತ್ತ ಜನ ದಿಕ್ಕೆಟ್ಟು ಮಾತಿಗಿಳಿದರು. ಮಣಿಪಾಲದವನು ಆರಡಿಗೂ ಮಿಕ್ಕು ಎತ್ತರವಿದ್ದಾನೆಂದು ಟೊರಾಂಟೊಗೆ ಆಗಲೇ ಗೊತ್ತಾದದ್ದು. ಲಿಸ್ಬನ್ನಿನಾಕೆ ಹೆತ್ತವರ ಕಾಯಿಲೆಯ ಸುದ್ದಿ ಹೇಳಿದಳು. ಎರಡು ವರ್ಷದಿಂದ ಮೀಟಿಂಗ್ ಮೇಲೆ ಮೀಟಿಂಗ್ ಮಾಡಿದರೂ ಬಗೆಹರಿಯದ ಒಂದು ತಾಂತ್ರಿಕ ಜಗಳ ಚಹಾದ ಗ್ಲಾಸು ತೊಳೆಯುವಷ್ಟರಲ್ಲಿ ಮುಗಿದುಹೋಯಿತು. ಸಮಿತಿ ಈ ಲೋಪಕ್ಕೆ ಲಿಖಿತ ವಿಷಾದ ವ್ಯಕ್ತಪಡಿಸಿತು.

ಅಭಿಪ್ರಾಯ ಸಂಗ್ರಹದ ಫಾರ್ಮಿನಲ್ಲಿ ‘ನಿಮಗೆ ಅತ್ಯಂತ ಇಷ್ಟವಾದ ಅವಧಿ ಯಾವುದು?’ ಎಂಬುದಕ್ಕೆ ಹೆಚ್ಚಿನವರು ‘ಗೇಟಿನ ಹೊರಗೆ’ ಎಂದು ಬರೆದರು. ಜನಾಭಿಪ್ರಾಯವನ್ನು ಸಮಿತಿ ಎಷ್ಟು ಗೌರವಿಸುತ್ತದೆಂಬುದಕ್ಕೆ ಬರುವ ವರ್ಷದ ಕರಡು ಪಟ್ಟಿಯೇ ಸಾಕ್ಷಿ. ಎರಡನೆಯ ದಿನ, 10:30 ಯುಟಿಸಿ: ಮುಚ್ಚಿದ ಗೇಟಿನ ಹೊರಗೆ ನಿಲ್ಲುವುದು. ಅವಧಿ 50 ನಿಮಿಷ. ಸಂಚಾಲಕರು ಇಬ್ಬರು. ಚಹಾದ ಬದಲು ಸೌತೆಕಾಯಿ ರಸ.

ನಮ್ಮ ಸಂಘಗಳ ಪದಾಧಿಕಾರಿಗಳಿಗೆ ಕಳಕಳಿಯ ಮನವಿ. 1902ರ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರ ಮೈಸೂರು ಅಸೋಸಿಯೇಷನ್‌ಗಳ ಕಾಲದಿಂದ ನಾವು ಈ ಊರಿನಲ್ಲಿ ಸಂಘ ಕಟ್ಟುತ್ತ ಬಂದಿದ್ದೇವೆ. ಆದರೂ ನಮ್ಮ ವಿಹಾರಕೂಟಗಳ ಅವ್ಯವಸ್ಥೆ ನೋಡಿ. ಆರೂವರೆಯ ಬಸ್ಸು ಎಂಟಕ್ಕೆ ಹೊರಡುತ್ತದೆ. ಕರ್ಜತ್ ಬರುವಷ್ಟರಲ್ಲಿ ಒಂದು ಮದುವೆ ಸಂಬಂಧ ಕುದುರಿ, ಒಂದು ಹಳೆಯ ಜಗಳ ಮತ್ತೆ ಹೊತ್ತಿ, ಕೆಲಸವಿಲ್ಲದ ಹುಡುಗನೊಬ್ಬನಿಗೆ ಯಾರದೋ ಹೋಟೆಲಿನಲ್ಲಿ ಕೆಲಸ ಸಿಕ್ಕಿರುತ್ತದೆ. ಇದಾವುದಕ್ಕೂ ಮುಂಚಿತವಾಗಿ ಅನುಮತಿ ಪಡೆದಿರುವುದಿಲ್ಲ. ಹೀಗೇ ಬಿಟ್ಟರೆ ಜನ ಒಬ್ಬರಿಗೊಬ್ಬರು ನಿಜವಾಗಿಯೂ ಹತ್ತಿರವಾಗಿಬಿಡುವ ಅಪಾಯವಿದೆ. ದಯವಿಟ್ಟು ಬರುವ ವರ್ಷದಿಂದಲಾದರೂ ಮೊದಲು ಫಾರ್ಮ್ ತುಂಬಿಸಿಕೊಳ್ಳಿ, ಆಮೇಲೆ ಬಸ್ಸು ಹತ್ತಿಸಿ.