ಬರೀ ಮೇಕಿಂಗ್ ಚಾರ್ಜ್

ಅತ್ತಿಗೆಯನ್ನು ಛೇಡಿಸುವುದು ನಾದಿನಿಯ ಜನ್ಮಸಿದ್ಧ ಹಕ್ಕು. ಇಷ್ಟು ವರ್ಷ ಆ ಹಕ್ಕು ನನ್ನಲ್ಲಿ ತುಕ್ಕು ಹಿಡಿದು ಬಿದ್ದಿತ್ತು. ಏಕೆಂದರೆ ನಮ್ಮತ್ತಿಗೆ ಬ್ಯಾಂಕಿನಲ್ಲಿದ್ದಳು. ಬೆಳಿಗ್ಗೆ ಹೋಗಿ ಸಂಜೆ ಬರುವ, ಸಂಬಳ ತರುವ ಹೆಂಗಸನ್ನು ಯಾವ ಮೂಲೆಯಿಂದ ಹಿಡಿದು ಛೇಡಿಸುವುದು? (ಏಕವಚನಕ್ಕೆ ಹುಬ್ಬೇರಿಸಬೇಡಿ. ಸಂಬಂಧದಲ್ಲಿ ದೊಡ್ಡವಳಾದರೂ ವಯಸ್ಸಿನಲ್ಲಿ ನನಗಿಂತ ಚಿಕ್ಕವಳು.) ಈಗ ಅವಳು ಕೆಲಸ ಬಿಟ್ಟು ಮಣಿ ಒಡವೆಗಳ ಡಿಸೈನರ್ ಆಗಿದ್ದಾಳೆ. ದೇವರು ದೊಡ್ಡವನು.

ವಿಸಿಟಿಂಗ್ ಕಾರ್ಡಿನಲ್ಲೂ ‘ಡಿಸೈನರ್’ ಎಂದೇ ಅಚ್ಚಾಗಿದೆ. ನಮ್ಮಜ್ಜಿಯ ಕಾಲದಲ್ಲಿ ಬಾಗಿಲಿಗೆ ಮಣಿ ತೋರಣ ಕಟ್ಟುವವರು, ಮದುವೆಯ ಕೊಬ್ಬರಿ ಗಿಟುಕಿಗೆ ಮಣಿಯ ಅಂಗಿ ತೊಡಿಸುವವರು, ಗೌರಿಯ ಕೊರಳಿಗೆ ಸರ ಪೋಣಿಸುವವರು ಮನೆಗೊಬ್ಬರು ಇದ್ದರು. ಅವರಿಗೆ ‘ಕೆಲಸವಿಲ್ಲದವರು’ ಎಂದು ಹೆಸರಿತ್ತು. ಈಗ ಅದೇ ಕೆಲಸಕ್ಕೆ ಇಂಗ್ಲಿಷ್ ಹೆಸರು ಬಂದಿದೆ. ಕರೆಯೋಣ, ಬಾಯಿಗೇನು ಬಾಡಿಗೆಯೇ?

ಅವಳ ಲೋಕದಲ್ಲಿ ಲೆಕ್ಕವೇ ತಲೆಕೆಳಗು. ನಂಬರು ದೊಡ್ಡದಾದಷ್ಟೂ ಮಣಿ ಚಿಕ್ಕದು. 8ನೇ ನಂಬರಿನ ದಪ್ಪ ಸುಮಾರು 3 ಮಿಲಿಮೀಟರ್, 11 ಅಂದರೆ 2, 15 ಅಂದರೆ ಒಂದೂವರೆ. ಸೂಜಿಯದ್ದೂ ಅದೇ ಕಥೆ, 10ಕ್ಕಿಂತ 12 ಸಪೂರ. ಅಂಕಿ ಬೆಳೆದರೆ ಹಣ ಬೆಳೆಯಿತು ಎಂದು ನಂಬಿದ್ದ ಬ್ಯಾಂಕಿನವಳು ಈ ಧರ್ಮಕ್ಕೆ ಹೇಗೆ ಮತಾಂತರಗೊಂಡಳೋ! ಮಣಿ ದಪ್ಪಕ್ಕಿಂತ ಉದ್ದದಲ್ಲಿ ಗಿಡ್ಡ, ಹಾಗಾಗಿ 11ನೇ ನಂಬರಿನದು ಇಂಚು ದಾರಕ್ಕೆ ಹದಿನೆಂಟರ ಆಸುಪಾಸು ಹಿಡಿಯುತ್ತದೆ. ಹದಿನಾರು ಇಂಚಿನ ಒಂದೆಳೆ ಸರಕ್ಕೇ ಮುನ್ನೂರರ ಹತ್ತಿರ. ಐದೆಳೆಯ ಲೆಕ್ಕ ನೀವೇ ಹಾಕಿಕೊಳ್ಳಿ.

ಇಷ್ಟು ಬರೀ ಪೋಣಿಸುವ ಮಾತು. ಪೆಯೋಟೆ ಎಂಬ ಹೆಣಿಗೆ ಇನ್ನೂ ಸೊಗಸು. ಒಂದು ಮಣಿ ಹೆಕ್ಕು, ಹಿಂದಿನ ಸಾಲಿನಲ್ಲಿ ತಲೆ ಎತ್ತಿ ನಿಂತ ಮಣಿಯೊಳಗೆ ಸೂಜಿ ತೂರಿಸು, ಎಳೆ. ಮತ್ತೊಂದು ಹೆಕ್ಕು. ಅಗಲವಾದ ಕೈಪಟ್ಟಿಯೊಂದಕ್ಕೆ ಇದನ್ನು ಸಾವಿರ ಸಲಕ್ಕೂ ಮೇಲೆ ಮಾಡಬೇಕು. ಮೂರನೇ ಸಾಲಿನಲ್ಲಿ ನುಸುಳಿದ ತಪ್ಪು ತನ್ನ ದರ್ಶನ ಕೊಡುವುದು ನಲವತ್ತನೇ ಸಾಲಿನಲ್ಲಿ. ಆಗ ಬಿಚ್ಚಬೇಕು. ಕಲಾವಿದೆಯ ಸೃಜನಶೀಲ ಬದುಕು ಅಂದರೆ ಕಿಟಕಿಯಾಚೆ ನೋಡುತ್ತಾ ನಿಟ್ಟುಸಿರು ಬಿಡುವುದು ಎಂದುಕೊಂಡಿದ್ದೆ. ನಮ್ಮತ್ತಿಗೆಯದು ಅರ್ಧ ಕಟ್ಟುವುದು, ಅರ್ಧ ಬಿಚ್ಚುವುದು. ಉಳಿದರೆ ನೆಲ ತಡಕುವುದು.

ನೆಲದ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ಅಣ್ಣನ ಮನೆಗೆ ಹೋದರೆ ಮೊದಲು ಕಾಲಿಗೆ ಸಿಗುವುದು ಮಣಿ, ಆಮೇಲೆ ಅಣ್ಣ. ಗುಡಿಸಿದ ಕಸವನ್ನು ಜರಡಿ ಹಿಡಿಯುವ ಇನ್ನೊಂದು ಮನೆ ಬೆಂಗಳೂರಿನಲ್ಲಿದ್ದರೆ ತೋರಿಸಿ. ತೊಗರಿಬೇಳೆಯಲ್ಲಿ ಹಸಿರು ಮಣಿ ಸಿಕ್ಕಿದ ದಿನ ಅಣ್ಣ ತುಟಿ ಪಿಟಕ್ಕೆನ್ನಲಿಲ್ಲ. ತೊಳೆದು, ಒರೆಸಿ, ಹಸಿರಿನ ಡಬ್ಬಿಗೇ ಹಾಕಿದ. ನೀಲಿಯ ಡಬ್ಬಿಗೆ ಹಾಕಿದರೆ ಏನಾಗುತ್ತದೆ ಎಂಬ ಅನುಭವ ಅವನಿಗಿದೆ. ಅವನು ಗೊಣಗಿದಾಗೆಲ್ಲ ಅತ್ತಿಗೆ ಈಜಿಪ್ಟಿಗೆ ಹೋಗುತ್ತಾಳೆ. ಗೀಜಾದಲ್ಲಿ ಖುಫು ದೊರೆಯ ಕಾಲದ ಗೋರಿಯೊಂದರಲ್ಲಿ ಹೆಣ್ಣೊಬ್ಬಳ ಮೈಮೇಲೆ ಮಣಿಬಲೆಯ ಉಡುಪಿತ್ತು. ನಾಲ್ಕೂವರೆ ಸಾವಿರ ವರ್ಷದಲ್ಲಿ ದಾರ ಪುಡಿಪುಡಿಯಾಗಿ ಮಣಿ ಮಾತ್ರ ಉಳಿದಿದ್ದವು. ಆ ಸುಮಾರು ಏಳು ಸಾವಿರ ಮಣಿಗಳನ್ನು ಹೆಕ್ಕಿ, ಮತ್ತೆ ಬಲೆ ಹೆಣೆದು, ಬಾಸ್ಟನ್ನಿನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ನಲ್ಲಿ ಇಟ್ಟಿದ್ದಾರೆ. “ಅವರು ಅಷ್ಟು ವರ್ಷದ ಮೇಲೂ ಹೆಕ್ಕಿದರು. ಸೋಫಾ ಕೆಳಗಿರೋದು ನಿನ್ನೆ ಬಿದ್ದಿದ್ದು, ಸ್ವಲ್ಪ ಬಗ್ಗಿ” ಎನ್ನುತ್ತಾಳೆ. ಅಣ್ಣ ಬಗ್ಗುತ್ತಾನೆ.

ಇಷ್ಟು ಮಣಿ ಇರುವವಳಿಗೆ ಇನ್ನೂ ಮಣಿ ಬೇಕು. ನಾಲ್ಕು ಕೊಕ್ಕೆ ತರುತ್ತೇನೆಂದು ಅವೆನ್ಯೂ ರಸ್ತೆಗೆ ಹೋದವಳು ರಾಜಾ ಮಾರ್ಕೆಟ್ ಹೊಕ್ಕು, ಮಾಮೂಲ್‌ಪೇಟೆಯಲ್ಲಿ ಎದ್ದು, ಚೀಲ ತುಂಬಿಸಿಕೊಂಡು ಬರುತ್ತಾಳೆ. ಕೊಕ್ಕೆ ಮರೆತಿರುತ್ತಾಳೆ. ಮಣಿಯಲ್ಲೂ ಕುಲಗೋತ್ರ ಉಂಟು. ಉತ್ತರ ಪ್ರದೇಶದ ಹಾಥ್‌ರಸ್ ಜಿಲ್ಲೆಯ ಪುರ್ದಿಲ್‌ನಗರದ ಗಾಜಿನ ಮಣಿ, ಜೆಕ್ ದೇಶದ ಯಾಬ್ಲೊನೆಟ್ಸ್ ಊರಿನ ಪ್ರೆಸಿಯೋಸಾ ಮಣಿ, ಜಪಾನಿನ ಹಿರೋಷಿಮಾ ಪ್ರಾಂತ್ಯದ ಮಿಯುಕಿ ಮತ್ತು ತೋಹೊ ಮಣಿ. ಜಪಾನಿನವು ಒಂದೇ ಅಚ್ಚು, ಒಂದೇ ಎತ್ತರ. ಪುರ್ದಿಲ್‌ನಗರದವು ನಮ್ಮ ಮನೆಮಂದಿಯ ಹಾಗೆ, ಒಂದು ಗಿಡ್ಡ, ಒಂದು ದಪ್ಪ, ಒಂದಕ್ಕೆ ತೂತೇ ಇಲ್ಲ. ಹೆಣಿಗೆಗೆ ಜಪಾನು ಬೇಕು, ಆದರೆ ಸರಕ್ಕೆ ಜೀವ ಬರಬೇಕಾದರೆ ನಮ್ಮವೇ ಆಗಬೇಕು ಎನ್ನುತ್ತಾಳೆ. ಗಾಜಿನ ಸರ ಕೊರಳಿಗೆ ಭಾರ ಎನ್ನುವವರಿಗೆ ಚನ್ನಪಟ್ಟಣವಿದೆ. ಚರಕಿಯಲ್ಲಿ ತಿರುಗುವ ಆಲೆ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಆ ಉಜ್ಜಾಟದ ಬಿಸಿಗೇ ಬಣ್ಣ ಕರಗಿ ಮೆತ್ತಿಕೊಳ್ಳುತ್ತದೆ. ಮೇಲೆ ಕೇದಗೆ ಗರಿ ಆಡಿಸಿದರೆ ಹೊಳಪು. ಐದೆಳೆ ಹಾಕಿಕೊಂಡರೂ ಕತ್ತಿಗೆ ಗೊತ್ತಾಗುವುದಿಲ್ಲ.

ಇನ್ನು ಬಣ್ಣ. ಸೀರೆಯ ಫೋಟೊ ಕಳಿಸಿ ‘ಮ್ಯಾಚಿಂಗ್ ಮಾಡಿಕೊಡಿ’ ಎನ್ನುವವರ ಪೈಕಿ ಅರ್ಧಕ್ಕರ್ಧ ಜನ ಟ್ಯೂಬ್‌ಲೈಟ್ ಕೆಳಗೆ ನಿಂತು ಫೋಟೊ ಹೊಡೆದಿರುತ್ತಾರೆ. ಎಂ.ಎಸ್. ಸುಬ್ಬುಲಕ್ಷ್ಮಿಯವರ ಹೆಸರು ಹೊತ್ತ ಎಂ.ಎಸ್. ಬ್ಲೂ ಒಬ್ಬರ ಫೋನಿನಲ್ಲಿ ಬದನೆಕಾಯಿ, ಇನ್ನೊಬ್ಬರದರಲ್ಲಿ ಸೀಮೆಎಣ್ಣೆ. ಅತ್ತಿಗೆ ಸೀರೆಯ ಚೂರಾದರೂ ಕೊಡಿ ಎಂದು ಬೇಡುತ್ತಾಳೆ. ಕೊನೆಗೆ ಬ್ಲೌಸಿನ ಅಂಚು ಬರುತ್ತದೆ. ಅದನ್ನು ಬಿಸಿಲಲ್ಲಿ, ನೆರಳಲ್ಲಿ, ದೀಪದಲ್ಲಿ ಹಿಡಿದು ಮೂರು ಬಗೆಯ ನೀಲಿ ಬೆರೆಸುತ್ತಾಳೆ. ಗಿರಾಕಿ ಮದುವೆಗೆ ಹೋಗುವಾಗ ಆ ಸೀರೆ ಬಿಟ್ಟು ಹಸಿರು ಸೀರೆ ಉಟ್ಟಿರುತ್ತಾಳೆ.

ಮದುವೆಗೆ ನಮ್ಮತ್ತಿಗೆಯನ್ನು ಕರೆಯುವುದೇ ಅಪಾಯ. ವೇದಿಕೆ ಹತ್ತಿದವಳು ಹೆಣ್ಣಿನ ಮುಖ ನೋಡದೆ ಕೊರಳು ನೋಡುತ್ತಾ ನಿಲ್ಲುತ್ತಾಳೆ. ಬೋರಮಾಳದ ಗುಂಡು ಎಷ್ಟು, ನಡುವೆ ಹವಳ ಎಷ್ಟಕ್ಕೊಂದು ಎಂದು ಎಣಿಸಿ ಮುಗಿಯುವ ತನಕ ಹಿಂದಿನವರು ಉಡುಗೊರೆ ಹಿಡಿದು ಕಾಯಬೇಕು. ಊಟದ ಪಂಕ್ತಿಯಲ್ಲಿ ಎದುರು ಕೂತ ಹುಬ್ಬಳ್ಳಿಯ ಅಜ್ಜಿಯ ಸೆರಗಿನಲ್ಲಿ ಕಸೂತಿ ಕಂಡರಂತೂ ಹೋಳಿಗೆ ತಣ್ಣಗಾಯಿತು. ಗೋಪುರ, ತೇರು, ಆನೆ, ತುಳಸಿಕಟ್ಟೆ ಎಲ್ಲವೂ ಪೇಪರ್ ನ್ಯಾಪ್ಕಿನ್ ಮೇಲೆ ಚೌಕಗಳಾಗಿ ಇಳಿಯುತ್ತವೆ, ಚೌಕಕ್ಕೊಂದು ಮಣಿ.

ಇಲ್ಲಿ ಮಾತ್ರ ನನ್ನ ನಾಲಿಗೆ ಸ್ವಲ್ಪ ತಗ್ಗುತ್ತದೆ. ಪೆಯೋಟೆಯಲ್ಲಿ ಮಣಿಗಳು ಸಾಲಿನಿಂದ ಸಾಲಿಗೆ ಅರ್ಧರ್ಧ ಸರಿದು ಕೂರುತ್ತವೆ. ನೆಟ್ಟಗಿನ ತುಳಸಿಕಟ್ಟೆ ಅಲ್ಲಿ ಅಂಕುಡೊಂಕಾಗುತ್ತದೆ. ಪುಟ್ಟ ಮಗ್ಗದ ಮೇಲೆ ಹೆಣೆದರೆ ಮಣಿಗಳು ಚೌಕಾಚೌಕ ನಿಲ್ಲುತ್ತವೆ, ಕಟ್ಟೆ ನೆಟ್ಟಗಾಗುತ್ತದೆ. ಆದರೆ ಓರೆಯಾಗಿ ಏರುವ ಗೋಪುರದ ಅಂಚು ಪೆಯೋಟೆಯಲ್ಲಿ ನಯವಾಗಿ ಬರುವಷ್ಟು ಮಗ್ಗದಲ್ಲಿ ಬರುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗುತ್ತದೆ. ಯಾವ ಚಿತ್ರ ಯಾವ ಹೆಣಿಗೆಗೆ ಒಗ್ಗುತ್ತದೆ, ಯಾವುದನ್ನು ಕೈಬಿಡಬೇಕು ಎಂದು ದಾರ ಮುಟ್ಟುವ ಮೊದಲೇ ತಿಳಿಯುವುದಕ್ಕೆ ಡಿಸೈನ್ ಎನ್ನುತ್ತಾರಂತೆ. ಹಾಗಾದರೆ ಆ ಕಾರ್ಡು ಸರಿಯಾಗಿಯೇ ಅಚ್ಚಾಗಿದೆ.

ಕಿವಿಯೋಲೆಯದು ಬೇರೆಯೇ ದುಃಖ. ಮನುಷ್ಯರಿಗೆ ಕಿವಿ ಎರಡು. ಮೊದಲನೆಯದನ್ನು ಕಟ್ಟುವಾಗ ಅವಳು ಕಲಾವಿದೆ, ಎರಡನೆಯದನ್ನು ಕಟ್ಟುವಾಗ ಗುಮಾಸ್ತೆ. ಒಂಟಿ ಓಲೆಗಳು ತುಂಬಿದ ಡಬ್ಬಿಯೊಂದು ಆ ಮನೆಯಲ್ಲಿದೆ. ಒಂದೇ ಕಿವಿಗೆ ಹಾಕುವ ಫ್ಯಾಷನ್ ಬಂದ ದಿನ ಅವಳು ಶ್ರೀಮಂತಳಾಗುತ್ತಾಳೆ.

ಅಲ್ಲಿಯವರೆಗೆ ಗಿರಾಕಿಗಳೇ ಗತಿ. ಚಿತ್ರಕಲಾ ಪರಿಷತ್ತಿನ ಕರಕುಶಲ ಮೇಳದಲ್ಲಿ ಅವಳ ಮಳಿಗೆಯ ಹಿಂದೆ ಕೂತು ನಾನು ಜನರನ್ನು ಜಾತಿವಾರು ವಿಂಗಡಿಸಿದ್ದೇನೆ. ಮೊದಲಿನವರು ‘ಸುಮ್ನೆ ನೋಡ್ತಿದೀವಿ’ ಪಂಗಡ, ನಿರುಪದ್ರವಿಗಳು. ಎರಡನೆಯವರು ನಾಲ್ಕು ಕೋನದಿಂದ ಫೋಟೊ ಹೊಡೆದುಕೊಂಡು ‘ನಮ್ಮ ಕಡೆ ಒಬ್ರು ಸೇಮ್ ಟು ಸೇಮ್ ಮಾಡ್ತಾರೆ’ ಎಂದು ಮುಖಕ್ಕೇ ಹೇಳುವ ಪ್ರಾಮಾಣಿಕರು. ಮೂರನೆಯವರು ‘ನನ್ನ ಮಗಳೂ ಇದನ್ನೇ ಮಾಡ್ತಾಳೆ, ಎರಡನೇ ಕ್ಲಾಸು’ ಎನ್ನುವ ತಾಯಂದಿರು. ನಾಲ್ಕನೆಯವರೇ ಅಸಲಿ ಗಿರಾಕಿಗಳು. ಅವರು ಸರವನ್ನು ಅಂಗೈಯಲ್ಲಿ ತೂಗಿ ನೋಡಿ, “ನೂರು ರೂಪಾಯಿ ಮಣಿಗೆ ಎಂಟುನೂರಾ? ಚಿನ್ನ ಅಲ್ವಲ್ಲ!” ಎನ್ನುತ್ತಾರೆ.

ಅಲ್ಲ ತಾಯಿ, ಚಿನ್ನ ಅಲ್ಲ. 2025ರಲ್ಲಿ ಹತ್ತು ಗ್ರಾಂ ಚಿನ್ನ ಲಕ್ಷ ರೂಪಾಯಿ ದಾಟಿತಲ್ಲ, ಆಗಲೂ ಇದೇ ಜನ ಚಿನ್ನದಂಗಡಿಯ ಮೆತ್ತನೆ ಕುರ್ಚಿಯಲ್ಲಿ ಕೂತು, ಬಾದಾಮಿ ಹಾಲು ಕುಡಿದು, ಬಿಲ್ಲಿನಲ್ಲಿ ವೇಸ್ಟೇಜ್ ಇಷ್ಟು, ಮೇಕಿಂಗ್ ಚಾರ್ಜ್ ಇಷ್ಟು ಎಂದು ಬರೆದಿದ್ದಕ್ಕೆ ತಲೆಯಾಡಿಸಿ ಬಂದವರು. ವೇಸ್ಟೇಜ್ ಅಂದರೆ ಏನು, ಆ ವೇಸ್ಟು ಎಲ್ಲಿಗೆ ಹೋಯಿತು ಎಂದು ಕೇಳಿದವರಿಲ್ಲ. ಕೊಟ್ಟ ಕ್ಯಾಲೆಂಡರು, ಪರ್ಸು ತಂದು ಸಂತೋಷಪಟ್ಟರು. ಚಿನ್ನವನ್ನು ನಾಳೆ ಕರಗಿಸಿದರೆ ಮೇಕಿಂಗ್ ಹೋಗುತ್ತದೆ, ಲೋಹ ಉಳಿಯುತ್ತದೆ. ಮಣಿ ಸರದಲ್ಲಿ ಕರಗಿಸುವುದಕ್ಕೆ ಏನಿದೆ? ಅದು ಅಡಿಯಿಂದ ಮುಡಿಯವರೆಗೆ ಮೇಕಿಂಗ್ ಚಾರ್ಜೇ. ಸರಗಳ್ಳರಿಗೆ ಕೂಡ ಇದು ಗೊತ್ತು. ಬೈಕಿನಲ್ಲಿ ಬಂದವರು ಅತ್ತಿಗೆಯ ಕೊರಳನ್ನು ಒಮ್ಮೆ ನೋಡಿ ಮುಂದೆ ಹೋಗುತ್ತಾರೆ. ಕಲೆಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ ಎಂದು ನಾನು ಹೇಳುತ್ತೇನೆ, ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ ಎಂದು ಅವಳು.

ಕೈಗೆ ಬೆಲೆ ಕಟ್ಟುವುದರಲ್ಲಿ ನಮಗಿಂತ ಹಳಬರು ಜಾಣರಿದ್ದರು. ಸಿಂಧೂ ನಾಗರಿಕತೆಯವರು ಕೆಂಪು ಅಕೀಕಿನಲ್ಲಿ ಬೆರಳುದ್ದದ ಮಣಿ ಮಾಡುತ್ತಿದ್ದರು. ಪುರಾತತ್ವಜ್ಞ ಜೊನಾಥನ್ ಮಾರ್ಕ್ ಕೆನೊಯರ್ ಆ ಕಾಲದವರದೇ ಬಗೆಯ ಕಲ್ಲಿನ ಬೈರಿಗೆಯಿಂದ ಕೊರೆದು ನೋಡಿದಾಗ ತೂತು ಸಾಗಿದ್ದು ಗಂಟೆಗೆ ಎರಡೂವರೆ ಮಿಲಿಮೀಟರ್. ಆರು ಸೆಂಟಿಮೀಟರಿನ ಮಣಿಯೊಂದಕ್ಕೆ ತೂತು ಹಾಕಲೇ 24 ಗಂಟೆ. ಪೋಣಿಸುವುದು ಆಮೇಲಿನ ಮಾತು. ಸಿಂಧೂ ಕಡೆಯ ಅಕೀಕಿನ ಮಣಿಗಳು ಮೆಸೊಪೊಟೇಮಿಯಾದ ಉರ್ ನಗರದ ರಾಜಗೋರಿಗಳವರೆಗೆ ಹೋಗಿವೆ. ಅಲ್ಲಿನ ರಾಣಿಯ ಕೊರಳು ನೋಡಿ ‘ಕಲ್ಲಿಗೆ ಇಷ್ಟಾ?’ ಎನ್ನುವ ಎದೆ ಯಾರಿಗಿತ್ತು?

ಅಷ್ಟು ದೂರ ಯಾಕೆ, ನಮ್ಮ ಅಂಕೋಲೆಗೇ ಬನ್ನಿ. ಹೊನ್ನಳ್ಳಿಯ ತುಳಸಿ ಗೌಡರು 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನಕ್ಕೆ ಪದ್ಮಶ್ರೀ ಪಡೆಯಲು ಹೋದಾಗ ಬರಿಗಾಲಿನಲ್ಲಿದ್ದರು, ಹಾಲಕ್ಕಿ ಒಕ್ಕಲಿಗರ ಉಡುಗೆಯಲ್ಲಿದ್ದರು, ಕೊರಳ ತುಂಬ ಮಣಿಸರಗಳಿದ್ದವು. ಆ ಫೋಟೊ ಅತ್ತಿಗೆಯ ಮೇಜಿನ ಎದುರಿನ ಗೋಡೆಯಲ್ಲಿದೆ. ಕಾಡು ಬೆಳೆಸಿದ ಆ ತಾಯಿ 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅಂದಿನ ಸಭೆಯಲ್ಲಿ ಯಾರು ಯಾವ ವಜ್ರ ತೊಟ್ಟಿದ್ದರೋ ನಿಮಗೆ ನೆನಪಿದೆಯೇ? ತುಳಸಜ್ಜಿಯ ಮಣಿಸರ ನೆನಪಿದೆ. ಹಾಲಕ್ಕಿ ಹೆಂಗಸರು ಯಾವ ಡಿಸೈನರ್ ಕಾರ್ಡೂ ಇಲ್ಲದೆ ತಲೆಮಾರುಗಳಿಂದ ಹೀಗೆ ರಾಶಿ ರಾಶಿ ತೊಡುತ್ತಾ ಬಂದಿದ್ದಾರೆ. ಪೇಟೆಯ ಫ್ಯಾಷನ್ ಪತ್ರಿಕೆಗಳು ‘ಲೇಯರಿಂಗ್’ ಎಂದು ಹೆಸರಿಟ್ಟು ಅದನ್ನೇ ಈಗ ನಮಗೆ ಕಲಿಸುತ್ತಿವೆ.

ಆದ್ದರಿಂದ ಓದುಗ ಮಹಾಶಯರೇ, ಮಹಾಶಯೆಯರೇ, ನಾದಿನಿಯ ಒಂದು ವಿನಂತಿ. ಮುಂದಿನ ಮೇಳದಲ್ಲಿ ಮಣಿ ಸರ ಹಿಡಿದು ‘ಇದನ್ನ ನಾನೇ ಮನೇಲಿ ಮಾಡ್ಕೋಬಹುದು’ ಎನ್ನುವ ಮಾತು ಬಾಯಿಗೆ ಬಂದರೆ ನುಂಗಬೇಡಿ, ಹೇಳಿ. ಹೇಳಿದ ಮೇಲೆ ಮಾಡಿಯೂ ನೋಡಿ. ಅವೆನ್ಯೂ ರಸ್ತೆಗೆ ಹೋಗಿ 11ನೇ ನಂಬರಿನ ಮಣಿ, 12ನೇ ನಂಬರಿನ ಸೂಜಿ, ಒಂದು ಉಂಡೆ ದಾರ ತನ್ನಿ, ಭಾನುವಾರ ಕೂತು ಒಂದೇ ಒಂದು ಎಳೆ ಪೋಣಿಸಿ. ಚೆನ್ನಾಗಿ ಬಂದರೆ ಕೊರಳಿಗೆ ಹಾಕಿಕೊಳ್ಳಿ, ನಿಮಗೊಂದು ಹವ್ಯಾಸ ಸಿಕ್ಕಿತು. ಬಾರದಿದ್ದರೆ ಅತ್ತಿಗೆಯ ಮಳಿಗೆಗೆ ಬಂದು ಸರದ ಬೆಲೆಯನ್ನು ನೀವೇ ಹೇಳಿ, ಅವಳು ಅದಕ್ಕೇ ಕೊಡುತ್ತಾಳೆ. ಬಿಟ್ಟಿ ಸರ ಮಾತ್ರ ಕೇಳಬೇಡಿ. ಆ ಸೌಲಭ್ಯ ನಾದಿನಿಯರಿಗೆ ಮೀಸಲು.